ಪುಲ್ಯಾ ಅಥವಾ ಆಂಡಲೂಸಿಯಾ: ವೈನ್, ಆಲಿವ್ ಎಣ್ಣೆ, ಕಟ್ಟಡಗಳಿಗಾಗಿ ಎಲ್ಲಿಗೆ ಹೋಗಬೇಕು?

ಮೆಡಿಟರೇನಿಯನ್ ಸೀಮೆಯಲ್ಲಿ ವೈನ್, ಆಲಿವ್ ಎಣ್ಣೆ, ಹಳೆಯ ಕಟ್ಟಡ ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆನ್ನುವವರು ಟಸ್ಕನಿಯ ಕೋಣೆ ಬಾಡಿಗೆ ಕೇಳಿ ಹೌಹಾರಿ, ಕೊನೆಗೆ ಬಂದು ನಿಲ್ಲುವುದು ಎರಡು ಹೆಸರುಗಳ ಮುಂದೆ: ಇಟಲಿಯ ಬೂಟಿನ ಹಿಮ್ಮಡಿಯಲ್ಲಿರುವ ಪುಲ್ಯಾ, ಸ್ಪೇನಿನ ದಕ್ಷಿಣದ ಆಂಡಲೂಸಿಯಾ. ಎರಡೂ ಕಡೆ ಬಿಸಿಲು, ಸುಣ್ಣ ಬಳಿದ ಊರುಗಳು, ಕಣ್ಣು ಹಾಯಿಸಿದಷ್ಟೂ ಆಲಿವ್ ಮರ. ಫೋಟೊಗಳಲ್ಲಿ ಅವಳಿಜವಳಿಯಂತೆ ಕಾಣುತ್ತವೆ. ಓಡಾಡಿ ನೋಡಿದರೆ ಹಾಗಿಲ್ಲ. ಎಣ್ಣೆ, ಊಟ, ಹಳ್ಳಿದಾರಿ ಬೇಕಿದ್ದರೆ ಪುಲ್ಯಾ ಸರಿ. ವೈನ್ ಮತ್ತು ಕಟ್ಟಡದಲ್ಲಿ ಮಾತ್ರ ಆಂಡಲೂಸಿಯಾವೇ ಮುಂದು, ಅದೂ ತುಸುವಲ್ಲ.

ಮೊದಲು ದೂರದ ಲೆಕ್ಕ, ಏಕೆಂದರೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಪುಲ್ಯಾದಲ್ಲಿ ಲೊಕೊರೊತೊಂದೊ ಎಂಬ ಗುಡ್ಡದ ಊರಿನಲ್ಲಿ ಕೋಣೆ ಹಿಡಿದರೆ ಅಲ್ಬೆರೊಬೆಲ್ಲೊ 9 ಕಿ.ಮೀ., ಒಸ್ತೂನಿ 25 ಕಿ.ಮೀ. ಆಸುಪಾಸು, ವೈನಿನ ಮಂಡೂರಿಯಾ ಸುಮಾರು 60, ಲೆಚ್ಚೆ ಸುಮಾರು 100. ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗಬಹುದು. ಪೆಟ್ಟಿಗೆ ಬಿಚ್ಚುವುದು ಒಂದೇ ಸಲ. ಆಂಡಲೂಸಿಯಾದಲ್ಲಿ ಈ ಸುಖ ಇಲ್ಲ. ವೈನಿನ ಹೆರೆಸ್‌ನಿಂದ ಕೊರ್ದೋಬಾಕ್ಕೆ 230 ಕಿ.ಮೀ.ಯಷ್ಟು, ಅಲ್ಲಿಂದ ಆಲಿವ್ ನಾಡಿನ ಊಬೆದಾಕ್ಕೆ ಮತ್ತೆ 145, ಊಬೆದಾದಿಂದ ಗ್ರನಾಡಾಕ್ಕೆ 140. ಮೂರು ಕಡೆ ತಂಗಲೇಬೇಕು. ಐದು ದಿನವಷ್ಟೇ ಕೈಯಲ್ಲಿದ್ದರೆ ಆಂಡಲೂಸಿಯಾದ ಆಸೆ ಬಿಡಿ. ಎಂಟಕ್ಕಿಂತ ಕಡಿಮೆಯಾದರೆ ದಾರಿಯಲ್ಲೇ ದಿನ ಕಳೆಯುತ್ತದೆ.

ವೈನ್: ಕಟ್ಟಡವೇ ಅರ್ಧ ಕೆಲಸ ಮಾಡುವ ಊರು

ಹೆರೆಸ್ ದೆ ಲಾ ಫ್ರೊಂತೇರಾದಲ್ಲಿ ತಯಾರಾಗುವುದು ಶೆರ್ರಿ. ಶೆರ್ರಿ ಎಂದರೆ ಸಿಹಿ ಎಂದುಕೊಂಡು ಹೋದವರಿಗೆ ಮೊದಲ ಗುಟುಕಿನಲ್ಲೇ ಆಘಾತ: ಫೀನೊ ಎಂಬ ಬಗೆ ಸೌದೆ ಒಣಗಿದಂತೆ ಒಣ. ಸುಣ್ಣದಂಶದ ಬಿಳಿ ಮಣ್ಣಿನಲ್ಲಿ ಬೆಳೆದ ಪಲೊಮಿನೊ ದ್ರಾಕ್ಷಿಯ ವೈನಿಗೆ ದ್ರಾಕ್ಷಿಯದೇ ಸ್ಪಿರಿಟ್ ಬೆರೆಸಿ ಆಲ್ಕೊಹಾಲ್ ಪ್ರಮಾಣವನ್ನು 15ರಿಂದ 15.5 ಪ್ರತಿಶತಕ್ಕೆ ಏರಿಸುತ್ತಾರೆ. ನಂತರ 600 ಲೀಟರಿನ ಓಕ್ ಪೀಪಾಯಿಗೆ 500 ಲೀಟರಷ್ಟೇ ತುಂಬುತ್ತಾರೆ. ಖಾಲಿ ಬಿಟ್ಟ ಜಾಗದಲ್ಲಿ ಗಾಳಿಯಾಡಿ, ವೈನಿನ ಮೇಲೆ ಯೀಸ್ಟಿನ ಪದರ ಹಾಲಿನ ಕೆನೆಯಂತೆ ಕಟ್ಟುತ್ತದೆ. ಇದಕ್ಕೆ ಫ್ಲೋರ್ ಎನ್ನುತ್ತಾರೆ. ವೈನು ಗಾಳಿ ತಗಲಿ ಕೆಡದಂತೆ ಕಾಯುವುದೂ ಇದೇ, ಹಸಿ ಬಾದಾಮಿ, ಹಿಟ್ಟಿನ ವಾಸನೆ ಕೊಡುವುದೂ ಇದೇ. ಆಲ್ಕೊಹಾಲ್ 17 ದಾಟಿಸಿದರೆ ಫ್ಲೋರ್ ಬದುಕುವುದಿಲ್ಲ; ಆಗ ಗಾಳಿಗೆ ಒಡ್ಡಿಕೊಂಡು ಕಂದು ಬಣ್ಣಕ್ಕೆ ತಿರುಗುವುದು ಒಲೊರೊಸೊ.

ಈ ಫ್ಲೋರ್‌ಗೆ ತಂಪು, ತೇವ ಬೇಕು. ಹೆರೆಸ್‌ನ ಬೇಸಿಗೆಯಲ್ಲಿ ಅದನ್ನು ಕೊಡುವುದು ಯಂತ್ರವಲ್ಲ, ಕಟ್ಟಡ. ವೈನ್ ಮಾಗಿಸುವ ಉಗ್ರಾಣಗಳಾದ ಬೊದೇಗಾಗಳ ಒಳಗೆ ಕಾಲಿಟ್ಟರೆ ಚರ್ಚಿನಂತೆ ಎತ್ತರದ ಕಂಬಸಾಲು, ದಪ್ಪ ಗೋಡೆ. ಕಿಟಕಿಗಳು ಚಾವಣಿಯ ಹತ್ತಿರ, ಅವಕ್ಕೆ ಹುಲ್ಲಿನ ಚಾಪೆ ಇಳಿಬಿಟ್ಟಿರುತ್ತಾರೆ. ಬಿಸಿಗಾಳಿ ಮೇಲೆ ಸೇರಿ ಪೀಪಾಯಿಗಳು ಕೆಳಗೆ ತಂಪಾಗಿರುತ್ತವೆ. ಅಟ್ಲಾಂಟಿಕ್ ಕಡೆಯಿಂದ ಬೀಸುವ ತೇವದ ಗಾಳಿ ಒಳಬರುವಂತೆ, ಪೂರ್ವದ ಒಣಗಾಳಿ ತಡೆಯುವಂತೆ ಕಟ್ಟಡದ ದಿಕ್ಕನ್ನೇ ಹೊಂದಿಸಿರುತ್ತಾರೆ. ನೆಲಕ್ಕೆ ಟೈಲ್ಸ್ ಇಲ್ಲ, ಹಳದಿ ಮಣ್ಣು. ಬೇಸಿಗೆಯಲ್ಲಿ ಅದಕ್ಕೆ ನೀರು ಚಿಮುಕಿಸುತ್ತಾರೆ. ಗಾಜಿನ ಮುಖವಿರುವ ಒಂದು ಪೀಪಾಯಿಯನ್ನು ನೋಡುಗರಿಗೆಂದೇ ಇಟ್ಟಿರುವ ಬೊದೇಗಾಗಳಿವೆ, ಅಂಥದ್ದನ್ನೇ ಆರಿಸಿ. ಒಳಗಿನ ಬೂದುಬಿಳಿ ಪದರ ಕಣ್ಣಾರೆ ಕಂಡ ಮೇಲೆ ಉಳಿದ ವಿವರಣೆ ತಾನಾಗಿ ತಲೆಗಿಳಿಯುತ್ತದೆ.

ಶೆರ್ರಿಯ ಬಗೆಗಳನ್ನು ಸವಿಯುವ ಕ್ರಮ ತಪ್ಪಿಸಬೇಡಿ: ಫೀನೊ ಅಥವಾ ಮನ್ಸನೀಯಾ, ಆಮೇಲೆ ಅಮೊಂತಿಯಾದೊ, ಒಲೊರೊಸೊ, ಕೊನೆಗೆ ಬಿಸಿಲಿಗೆ ಒಣಗಿಸಿದ ದ್ರಾಕ್ಷಿಯ ಪೇದ್ರೊ ಹಿಮೇನೆಸ್. ಈ ಕೊನೆಯದು ಜೋನಿಬೆಲ್ಲದಷ್ಟು ಗಟ್ಟಿ, ಅಷ್ಟೇ ಸಿಹಿ. ಮೊದಲೇ ಕುಡಿದರೆ ನಾಲಿಗೆಗೆ ಬೇರೇನೂ ಹತ್ತುವುದಿಲ್ಲ. ಫೀನೊವನ್ನು 7ರಿಂದ 9 ಡಿಗ್ರಿಯಲ್ಲಿ ಕೊಡಬೇಕು. ಬೆಚ್ಚಗೆ ತಂದುಕೊಟ್ಟ ಬಾರಿನಲ್ಲಿ ಎರಡನೇ ಲೋಟ ಕೇಳುವುದೇ ಬೇಡ. ಅರ್ಧ ದಿನ ಮಿಕ್ಕರೆ ಸಮುದ್ರದಂಚಿನ ಸನ್ಲೂಕರ್ ದೆ ಬರ್ರಮೇದಾಕ್ಕೆ ಹೋಗಿ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಫ್ಲೋರ್ ವರ್ಷವಿಡೀ ದಪ್ಪ. ಮನ್ಸನೀಯಾ ಎಂಬ ಹೆಸರಿಗೆ ಹಕ್ಕಿರುವುದು ಆ ಊರಿಗೆ ಮಾತ್ರ.

ಪುಲ್ಯಾದ ವೈನ್ ಕೆಟ್ಟದ್ದೆಂದಲ್ಲ. ಮಂಡೂರಿಯಾದ ಕೆಂಪು ಮಣ್ಣಿನಲ್ಲಿ ಬೆಳೆಯುವ ಪ್ರಿಮಿತೀವೊ, ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ ಎರಡೂ ಒಂದೇ ತಳಿ ಎಂದು ಡಿಎನ್‌ಎ ಪರೀಕ್ಷೆ ಹೇಳಿದೆ. ಬೇಗ ಹಣ್ಣಾಗಿ ಸಕ್ಕರೆ ತುಂಬಿಕೊಳ್ಳುವ ದ್ರಾಕ್ಷಿ ಅದು. ವೈನು 14, 15 ಪ್ರತಿಶತ ಮುಟ್ಟುವುದು ಮಾಮೂಲು. ಬಿಸಿಲಲ್ಲಿ ಎರಡು ಲೋಟ ಕುಡಿದರೆ ಮಧ್ಯಾಹ್ನವೆಲ್ಲ ತೂಕಡಿಕೆ. ಅದೇ ದ್ರಾಕ್ಷಿ ಗುಡ್ಡದ ಮೇಲಿನ ಜೋಯಾ ದೆಲ್ ಕೊಲ್ಲೆಯಲ್ಲಿ ಹೆಚ್ಚು ಹುಳಿ ಉಳಿಸಿಕೊಂಡು ಹಗುರಾಗಿರುತ್ತದೆ, ನಮ್ಮ ಮತ ಅದಕ್ಕೆ. ಊಟಕ್ಕಾದರೆ ನೆಗ್ರೊಅಮಾರೊ ದ್ರಾಕ್ಷಿಯ ಗುಲಾಬಿ ವೈನ್ ಕೇಳಿ. ಇಟಲಿಯಲ್ಲಿ ಗುಲಾಬಿ ವೈನನ್ನು ಮೊದಲು ಬಾಟಲಿಗೆ ತುಂಬಿ ಮಾರಿದ್ದು ಇಲ್ಲಿನ ಸಾಲಿಚೆ ಸಲೆಂತೀನೊದಲ್ಲಿ, 1943ರಲ್ಲಿ, ಫೈವ್ ರೋಸಸ್ ಎಂಬ ಹೆಸರಿನಲ್ಲಿ. ಆದರೆ ವೈನರಿಗಳ ಒಳಗೆ ನೋಡಲು ಸಿಗುವುದು ಬಹುತೇಕ ಸ್ಟೀಲ್ ಟ್ಯಾಂಕು, ಸಣ್ಣ ಪೀಪಾಯಿ. ಒಂದು ನೋಡಿದರೆ ಸಾಕು.

ಇನ್ನೊಂದು ತೊಡಕು: ಪುಲ್ಯಾದಲ್ಲಿ ವೈನರಿಗೆ ಕಾರಿಲ್ಲದೆ ಹೋಗುವುದು ಕಷ್ಟ, ಕಾರಿದ್ದರೆ ಕುಡಿಯುವಂತಿಲ್ಲ. ಇಟಲಿಯ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಉಗಿಯಲು ಪಾತ್ರೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೆರೆಸ್‌ನಲ್ಲಿ ರೈಲಿಳಿದು ನಡೆದೇ ಬೊದೇಗಾಗಳಿಗೆ ಹೋಗಬಹುದು.

ಎಣ್ಣೆ: ಇಲ್ಲಿ ತಕ್ಕಡಿ ತಿರುಗುತ್ತದೆ

ಆಂಡಲೂಸಿಯಾದ ಹಯೆನ್ ಪ್ರಾಂತ್ಯವೊಂದರಲ್ಲೇ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಬಾಯೇಸಾ ಊರಿನ ಕೋಟೆಗೋಡೆಯ ಅಂಚಿನ ರಸ್ತೆಯಲ್ಲಿ ನಿಂತರೆ ಗ್ವಾದಲ್ಕಿವಿರ್ ಕಣಿವೆಯ ಆಚೆ ಮಾಹಿನಾ ಬೆಟ್ಟಗಳ ತನಕ ಮರದ ಸಾಲು ಬಿಟ್ಟರೆ ಬೇರೇನಿಲ್ಲ. ಮೊದಲ ದಿನ ಬೆರಗು, ಎರಡನೇ ದಿನ ಬೇಸರ. ಬಹುಪಾಲು ಒಂದೇ ತಳಿ, ಪಿಕ್ವಾಲ್. ಅಕ್ಟೋಬರ್ ಕೊನೆಯಲ್ಲಿ ಕಾಯಿ ಇನ್ನೂ ಹಸಿರಿರುವಾಗ ಕಿತ್ತು ತೆಗೆದ ಎಣ್ಣೆಯಲ್ಲಿ ಟೊಮೆಟೊ ಎಲೆ ಉಜ್ಜಿದಂಥ ವಾಸನೆ, ಸೊಗಸು. ಕಾಯಿ ಮಾಗಿ ನೆಲಕ್ಕೆ ಬಿದ್ದ ಮೇಲೆ ರಾಶಿ ಹಾಕಿ ಅರೆದದ್ದಾದರೆ ಅದೇ ಪಿಕ್ವಾಲ್ ಬೆಕ್ಕಿನ ಮೂತ್ರದಂತೆ ನಾರುತ್ತದೆ. ಈ ತಳಿಗೆ ಹಳೆಯ ಕೆಟ್ಟ ಹೆಸರು ಬಂದದ್ದು ಹೀಗೆ.

ಪುಲ್ಯಾದ ಆಲಿವ್ ತಳಿಗಳ ರಾಜ ಕೊರತೀನಾ. ಬಾರಿ ಪ್ರಾಂತ್ಯದ ಕೊರಾತೊ ಊರಿನಿಂದ ಬಂದ ಹೆಸರು. ಕಹಿಯೂ ಹೆಚ್ಚು, ಗಂಟಲಿಗೆ ಹತ್ತುವ ಖಾರವೂ ಹೆಚ್ಚು. ಎರಡೂ ದೋಷವಲ್ಲ, ಕಾಯಿಯ ಪಾಲಿಫಿನಾಲ್ ಎಂಬ ಸಹಜ ರಾಸಾಯನಿಕಗಳು ಸಮೃದ್ಧವಾಗಿರುವ ಗುರುತು. ಕೆಮ್ಮು ಬಂದರೆ ಗಾಣದವರು ನಗುತ್ತಾರೆ, ಅವರಿಗದು ಮೆಚ್ಚುಗೆಯ ಮಾತು. ಕೊರತೀನಾದ ಜೊತೆಗೆ ಒಲ್ಯಾರೊಲಾದಂಥ ಮೃದು ತಳಿಗಳನ್ನೂ ಒಂದೇ ಮೇಜಿನಲ್ಲಿ ಸವಿಯಬಹುದು. ಈ ವೈವಿಧ್ಯಕ್ಕಾಗಿಯೇ ಎಣ್ಣೆಯ ಅಂಕ ಪುಲ್ಯಾಕ್ಕೆ.

ಆದರೆ ಪುಲ್ಯಾದಲ್ಲಿ ಎಣ್ಣೆಗೆ ಎಲ್ಲಿಗೆ ಹೋಗಬಾರದು ಎಂಬುದನ್ನೂ ಹೇಳಬೇಕು. 2013ರಲ್ಲಿ ಗಲ್ಲೀಪೊಲಿಯ ಬಳಿ ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಗಿಡದ ರಸ ಹೀರುವ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ನೀರು ಸಾಗಿಸುವ ನಾಳ ಕಟ್ಟಿಕೊಂಡು ಮರ ಮೇಲಿನಿಂದ ಒಣಗುತ್ತಾ ಬರುತ್ತದೆ. ಲೆಚ್ಚೆಯ ಸುತ್ತಮುತ್ತ ರಸ್ತೆಯ ಎರಡೂ ಬದಿ ಬೂದುಬಣ್ಣದ ಬೊಡ್ಡೆಗಳ ಸಾಲು ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ರೋಗ ತಡೆಯುವ ಲೆಚ್ಚೀನೊ, ಫವೊಲೋಸಾ ತಳಿಗಳನ್ನು ಹೊಸದಾಗಿ ನೆಡುತ್ತಿದ್ದಾರೆ. ಎಣ್ಣೆಗಾದರೆ ಉತ್ತರಕ್ಕೆ, ಆಂದ್ರಿಯಾ, ಕೊರಾತೊ, ಬಿತೊಂತೊ ಕಡೆಗೆ ಹೋಗಿ. ಶತಮಾನಗಳ ಹಳೆಯ, ಹಗ್ಗ ಹೊಸೆದಂತೆ ತಿರುಚಿಕೊಂಡ ಮರಗಳಿಗೆ ಒಸ್ತೂನಿ, ಫಸಾನೊ ನಡುವಿನ ಬಯಲು. ರೋಗ ಅಲ್ಲಿಗೂ ಕಾಲಿಟ್ಟಿದೆ, ಆದ್ದರಿಂದ ಆ ಬಯಲನ್ನು ಮುಂದಕ್ಕೆ ಹಾಕಬೇಡಿ.

ಎರಡೂ ಕಡೆ ಗಾಣ ಮುಖ್ಯವಾಗಿ ತಿರುಗುವುದು ಅಕ್ಟೋಬರ್ ನಡುವಿನಿಂದ ಡಿಸೆಂಬರ್ ತನಕ. ಮೇ ತಿಂಗಳಲ್ಲಿ ಹೋದರೆ ತೊಳೆದಿಟ್ಟ ಯಂತ್ರ ತೋರಿಸುತ್ತಾರೆ ಅಷ್ಟೇ. ಹಂಗಾಮಿನಲ್ಲಿ ಹೋದರೆ ಎಲೆ ಬೇರ್ಪಡಿಸಿ ತೊಳೆಯುವುದು, ಬೀಜ ಸಮೇತ ಅರೆಯುವುದು, ಆ ಮುದ್ದೆಯನ್ನು ಅರ್ಧ ಗಂಟೆ ನಿಧಾನವಾಗಿ ಕಲಸುವುದು, ಸೆಂಟ್ರಿಫ್ಯೂಜಿನಿಂದ ಎಣ್ಣೆ ಹೊರಬೀಳುವುದು ಎಲ್ಲ ನೋಡಬಹುದು. ಕಲಸುವಲ್ಲಿನ ಉಷ್ಣಾಂಶ 27 ಡಿಗ್ರಿಯೊಳಗೆ ಇದ್ದರೆ ಮಾತ್ರ ಲೇಬಲಿನ ಮೇಲೆ ‘ಶೀತಲ ವಿಧಾನ’ ಎಂದು ಬರೆಯಬಹುದು. ಹೆಚ್ಚು ಬಿಸಿ ಮಾಡಿದರೆ ಎಣ್ಣೆ ಹೆಚ್ಚು ಸಿಗುತ್ತದೆ, ಪರಿಮಳ ಹಾರಿಹೋಗುತ್ತದೆ. ಯಂತ್ರದ ಉಷ್ಣಾಂಶ ತೋರಿಸುವ ಡಿಸ್‌ಪ್ಲೇ ಕಡೆ ಒಮ್ಮೆ ಕಣ್ಣು ಹಾಯಿಸಿ.

ಸವಿಯಲು ಬ್ರೆಡ್ ಬೇಡ, ಅದು ದೋಷವನ್ನೆಲ್ಲ ಮುಚ್ಚುತ್ತದೆ. ಒಂದು ಚಮಚ ಎಣ್ಣೆಯನ್ನು ಪುಟ್ಟ ಲೋಟಕ್ಕೆ ಹಾಕಿ, ಲೋಟದ ಬಾಯಿಗೆ ಒಂದು ಕೈ ಮುಚ್ಚಿ, ಇನ್ನೊಂದು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. 28 ಡಿಗ್ರಿಯ ಹತ್ತಿರ ಬಂದರೆ ಸಾಕು. ಕೈ ತೆಗೆದ ಕೂಡಲೇ ಮೂಸಿ. ಗುಟುಕು ಬಾಯಲ್ಲಿಟ್ಟು ಹಲ್ಲಿನ ಸಂದಿಯಿಂದ ಸೊರ್ರೆಂದು ಗಾಳಿ ಎಳೆದುಕೊಂಡು ನುಂಗಿ. ಬಣ್ಣ ನೋಡಬೇಡಿ, ಪರಿಣತರ ಲೋಟ ನೀಲಿ ಇರುವುದೇ ಬಣ್ಣ ಕಾಣದಿರಲಿ ಎಂದು. ಹಳೆಯ ಕಡಲೆಬೀಜದ ಕಮಟು ಬಂದರೆ ಎಣ್ಣೆ ಹಳತು. ವಿನೆಗರ್ ವಾಸನೆ ಬಂದರೆ ಕಾಯಿ ಅರೆಯುವ ಮೊದಲೇ ಹುದುಗಿದೆ. ಕೊಳ್ಳುವ ಮುನ್ನ ಕೊಯ್ಲಿನ ದಿನಾಂಕ ಕೇಳಿ, ಸೋಸಿದ್ದೇ ಎಂದೂ ಕೇಳಿ. ಸೋಸದ ಮಬ್ಬು ಎಣ್ಣೆ ನೋಡಲು ಚೆಂದ, ಆದರೆ ತಳಕ್ಕೆ ಗಸಿ ಕಟ್ಟಿ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಮನೆಗೆ ಒಯ್ದು ಒಗ್ಗರಣೆಗೂ ಬಳಸುವುದಾದರೆ ಪಿಕ್ವಾಲ್ ಕೊಳ್ಳಿ, ಕಾವನ್ನೂ ಕಾಲವನ್ನೂ ಚೆನ್ನಾಗಿ ತಡೆಯುತ್ತದೆ. ಕೊರತೀನಾವನ್ನು ಕಾಯಿಸುವುದು ದಂಡ. ಬೆಂದ ಕಾಳಿನ ಮೇಲೆ ಹಸಿಯಾಗಿ ಸುರಿದುಕೊಳ್ಳಿ.

ಕಟ್ಟಡ

ಕೊರ್ದೋಬಾದ ಮಸೀದಿಯನ್ನು 785ರ ಸುಮಾರಿಗೆ ಅಲ್ಲಿನ ಮುಸ್ಲಿಂ ದೊರೆ ಒಂದನೇ ಅಬ್ದ್ ಅಲ್ ರಹಮಾನ್ ಕಟ್ಟಿಸಲು ಶುರುಮಾಡಿದ. ಇಂದು ಒಳಗೆ 856 ಕಂಬಗಳಿವೆ. ಹಳೆಯ ಭಾಗದ ಕಂಬಗಳು ರೋಮನ್, ವಿಸಿಗೋಥಿಕ್ ಕಟ್ಟಡಗಳಿಂದ ಕಿತ್ತು ತಂದವು. ಅಷ್ಟು ದೊಡ್ಡ ಸಭಾಂಗಣದ ಚಾವಣಿಗೆ ಆ ಕಂಬಗಳ ಎತ್ತರ ಸಾಲದೆ ಕಮಾನಿನ ಮೇಲೆ ಕಮಾನು ಏರಿಸಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಪಟ್ಟೆಯ ಆ ಜೋಡಿ ಕಮಾನು ಹುಟ್ಟಿದ್ದು ಕೊರತೆಯಿಂದ. 1523ರಲ್ಲಿ ಅದರ ನಟ್ಟನಡುವೆ ಕ್ಯಾಥೆಡ್ರಲ್ ತುರುಕಿದರು. ಗ್ರನಾಡಾದ ಕೋಟೆ-ಅರಮನೆ ಅಲ್‌ಹಂಬ್ರಾಕ್ಕೆ ಟಿಕೆಟ್ ವಾರಗಳ ಮೊದಲೇ ತೆಗೆಯಿರಿ: ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು, ಅದರೊಳಗಿನ ನಸ್ರಿದ್ ಅರಮನೆಗೆ ಕೊಟ್ಟ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ. ಈ ಎರಡರ ಗದ್ದಲದ ನಡುವೆ ಜನ ಊಬೆದಾವನ್ನು ಮರೆಯುತ್ತಾರೆ. 16ನೇ ಶತಮಾನದಲ್ಲಿ ಆಂದ್ರೆಸ್ ದೆ ವಂದೆಲ್ವೀರಾ ಕಟ್ಟಿದ ಅರಮನೆ, ಚರ್ಚುಗಳ ಚೌಕದಲ್ಲಿ ಸಂಜೆ ಹೆಚ್ಚೆಂದರೆ ಹತ್ತಾರು ಜನ. ಬಾಯೇಸಾದ ಜೊತೆ 2003ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಊರು.

ಪುಲ್ಯಾದ ಹೆಸರುವಾಸಿ ತ್ರುಲ್ಲಿ ಮನೆಗಳಲ್ಲಿ ಗಾರೆಯೇ ಇಲ್ಲ. ಹೊಲದಿಂದ ಆರಿಸಿದ ಸುಣ್ಣಕಲ್ಲನ್ನು ಒಂದರ ಮೇಲೊಂದು ಒಳಕ್ಕೆ ಚಾಚುತ್ತಾ ಜೋಡಿಸಿ, ಮೇಲೆ ತೆಳು ಚಪ್ಪಡಿ ಹೊದಿಸಿ ಶಂಕುವಾಗಿ ಮುಗಿಸುತ್ತಾರೆ. ಅಲ್ಬೆರೊಬೆಲ್ಲೊದ ಮೊಂತಿ ಕೇರಿ ಪೂರ್ತಿ ಅಂಗಡಿಮಯ. ಬೆಳಿಗ್ಗೆ ಒಂಬತ್ತರೊಳಗೆ ನೋಡಿ ಮುಗಿಸಿ, ಜನ ಇನ್ನೂ ವಾಸವಿರುವ ಆಯಾ ಪಿಕ್ಕೊಲಾ ಕೇರಿಗೆ ದಾಟಿ. ಒತ್ರಾಂತೊ ಕ್ಯಾಥೆಡ್ರಲಿನ ನೆಲದ ಮೊಸಾಯಿಕ್ ತಪ್ಪಿಸಬೇಡಿ: 1163ರಿಂದ 65ರೊಳಗೆ ಪಂತಲೆಯೋನೆ ಎಂಬ ಸನ್ಯಾಸಿ ಮಾಡಿದ ಮಹಾವೃಕ್ಷ, ಅದನ್ನು ಹೊತ್ತಿರುವುದು ಆನೆಗಳು. ಲೆಚ್ಚೆಯ ಸಾಂತಾ ಕ್ರೋಚೆ ಚರ್ಚನ್ನು 1549ರಲ್ಲಿ ಶುರುಮಾಡಿ 1695ರಲ್ಲಿ ಮುಗಿಸಿದರು. ಕಲ್ಲು ಮೆದು, ಕೆತ್ತನೆ ವಿಪರೀತ. ಒಮ್ಮೆ ನೋಡಲು ಚೆಂದ.

ನಮಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಗಲ್ಲೀಪೊಲಿಯ ನೆಲದಡಿಯ ಗಾಣ. ಹೆರೆಸ್‌ನಲ್ಲಿ ಕಟ್ಟಡ ಮೇಲೆದ್ದು ವೈನ್ ಕಾದಂತೆ ಇಲ್ಲಿ ಬಂಡೆ ಕೊರೆದು ಕೆಳಗಿಳಿದರು. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದರೆ ಹರಿಯುವುದಿಲ್ಲ, ಬೇರ್ಪಡುವುದಿಲ್ಲ. ನೆಲದಡಿಯ ಕಾವು ಒಂದೇ ಸಮ. ಅಲ್ಲಿ ಅರೆದದ್ದು ದೀಪದ ಎಣ್ಣೆ, ಹಡಗೇರಿ ಯುರೋಪಿನ ನಗರಗಳ ಬೀದಿ ಬೆಳಗಲು ಹೋಗುತ್ತಿತ್ತು.

ಓಡಾಟ, ಊಟ, ಪೆಟ್ಟಿಗೆ

ಪುಲ್ಯಾಕ್ಕೆ ಕಾರು ಬೇಕೇ ಬೇಕು. ಅಲ್ಬೆರೊಬೆಲ್ಲೊ ಕಡೆಯ ಸಣ್ಣ ರೈಲು ಇದೆ, ಭಾನುವಾರ ನಂಬುವಂತಿಲ್ಲ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಹಳೇಪೇಟೆಗಳ ಬಾಯಲ್ಲಿ ‘ಜೆಡ್‌ಟಿಎಲ್’ (ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯ) ಫಲಕ ಕಂಡರೆ ಒಳಗೆ ನುಗ್ಗಬೇಡಿ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ, ಬಾಡಿಗೆ ಕಂಪನಿಯ ಶುಲ್ಕ ಬೇರೆ. ಆಂಡಲೂಸಿಯಾದಲ್ಲಿ ಮ್ಯಾಡ್ರಿಡ್‌ನಿಂದ ಕೊರ್ದೋಬಾಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಯೂ ಇಲ್ಲ. ಸೆವಿಯಾ, ಹೆರೆಸ್ ಕೂಡ ರೈಲಿನಲ್ಲೇ ಆಗುತ್ತದೆ. ಊಬೆದಾ, ಬಾಯೇಸಾಗಷ್ಟೇ ಕಾರು. ಜುಲೈ, ಆಗಸ್ಟಿನಲ್ಲಿ ಕೊರ್ದೋಬಾ 40 ಡಿಗ್ರಿ ದಾಟುತ್ತದೆ, ಆಗ ಹೋಗಲೇಬೇಡಿ.

ಸಸ್ಯಾಹಾರಿಗಳಿಗೆ ಪುಲ್ಯಾ ಸಲೀಸು: ಸಿಪ್ಪೆ ತೆಗೆದ ಒಣ ಅವರೆಯಂಥ ಕಾಳನ್ನು ಬೇಯಿಸಿ ಕಡೆದು ಕಹಿ ಸೊಪ್ಪಿನ ಜೊತೆ ಕೊಡುವ ಫಾವೆ ಎ ಚಿಕೋರಿಯಾ ಎಲ್ಲೆಡೆ ಸಿಗುತ್ತದೆ. ಸೊಪ್ಪು ಹಾಕಿದ ಒರೆಕ್ಯೆತ್ತೆ ಪಾಸ್ತಾಕ್ಕೆ ಮಾತ್ರ ಸಣ್ಣ ಮೀನು ಅರೆದಿರುತ್ತಾರೆ, ‘ಸೆಂಜಾ ಅಚ್ಚೂಗೆ’ ಎನ್ನಿ. ಆಂಡಲೂಸಿಯಾದಲ್ಲಿ ಸಲ್ಮೊರೇಹೊ ಎಂಬ ತಣ್ಣನೆಯ ಟೊಮೆಟೊ ಸಾರಿನ ಮೇಲೂ ಹಂದಿಮಾಂಸದ ಚೂರು, ಮೊಟ್ಟೆ ಉದುರಿಸುತ್ತಾರೆ. ‘ಸಿನ್ ಹಮೋನ್, ಸಿನ್ ವೇವೊ’ ಎಂದು ಮೊದಲೇ ಹೇಳಿ.

ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಕೊಳ್ಳದೆ ತಗಡಿನ ಡಬ್ಬಿಯಲ್ಲಿ ಕೊಂಡು, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಡಬ್ಬಿಯನ್ನು ಹಲವು ವಿಮಾನ ನಿಲ್ದಾಣಗಳಲ್ಲಿ ಬಿಡುವುದಿಲ್ಲ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ಅದರಲ್ಲಿ ಫೀನೊಗೆ ಜಾಗ ಕೊಡಬೇಡಿ, ಬಿರಡೆ ತೆಗೆದ ವಾರದೊಳಗೆ ಸಪ್ಪೆಯಾಗುತ್ತದೆ. ಒಲೊರೊಸೊ ಫ್ರಿಜ್ಜಿನಲ್ಲಿ ಒಂದೆರಡು ತಿಂಗಳು ನಿಲ್ಲುತ್ತದೆ.