ಬೋರ್ಡ್ ಇಲ್ಲದ ಚಪ್ಪಲಿ ರಿಪೇರಿ ಅಂಗಡಿಗೆ ನಾಲ್ಕೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ, ಮ್ಯಾಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಳ್ಳಾರಿಯಲ್ಲಿ ಕೌಲ್ ಬಜಾರ್ ಕಡೆ ಹೋಗುವಾಗ ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ನೀಲಿ ತಾಡಪಾಲು, ಅದರ ಕೆಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಒಬ್ಬ ತಾತ. ಅಷ್ಟೇ ಅಂಗಡಿ. ಚಪ್ಪಲಿ ಉಂಗುಷ್ಟ ಕಿತ್ತುಹೋದರೆ, ಸ್ಕೂಲ್ ಬ್ಯಾಗಿನ ಜಿಪ್ ಹೋದರೆ ನಾವೆಲ್ಲ ಹೋಗಿ ನಿಲ್ಲುತ್ತೇವಲ್ಲ, ಅಂಥದ್ದೇ ಜಾಗ. ಅಲ್ಲಿಗೆ ನಾನು ಹಿಮದಲ್ಲಿ ಹಾಕಿಕೊಳ್ಳುವ ಟ್ರೆಕ್ಕಿಂಗ್ ಶೂ ತೆಗೆದುಕೊಂಡು ಹೋಗಿದ್ದೆ. ಒಟ್ಟು ಬಿಲ್ 180 ರೂಪಾಯಿ. ಮೂರು ವಾರ ಹಾಕಿಕೊಂಡು ಓಡಾಡಿದ ಮೇಲೆ ಈ ರಿವ್ಯೂ ಬರೆಯುತ್ತಿದ್ದೇನೆ.

ಹಿಮ ಎಲ್ಲಿಂದ ಬಂತು ಎಂದರೆ, ಈ ಡಿಸೆಂಬರ್ ರಜೆಯಲ್ಲಿ ನಾವು ಐದು ಜನ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಟಿದ್ದೇವೆ. ಕೇದಾರನಾಥ ಅಲ್ಲ, ಕೇದಾರಕಂಠ. ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮಮ್ಮ ಓಣಿಗೆಲ್ಲ ಕೇದಾರನಾಥ ಎಂದೇ ಹೇಳಿ ಬಂದಿದ್ದಾರೆ, ಮೂರು ಮನೆಯವರು ಆಗಲೇ ಪ್ರಸಾದ ತರಲು ಹೇಳಿದ್ದಾರೆ. ಚಳಿಗಾಲದಲ್ಲಿ ಆ ಗುಡಿ ಬಾಗಿಲು ಮುಚ್ಚಿರುತ್ತದೆ ಎಂದರೂ ಯಾರೂ ನಂಬುತ್ತಿಲ್ಲ.

ಸುಮ್ನೆ ಟೂರ್ ಅಲ್ಲ ಇದು. ಸಿರುಗುಪ್ಪ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಎರಡು ತರಗತಿಯ ಮಕ್ಕಳು ಇನ್ನೂ ನೆಲದ ಮೇಲೆ ಕೂರುತ್ತಾರೆ, ಅವರಿಗೆ ಡೆಸ್ಕ್ ಮಾಡಿಸಬೇಕು. ಹೋಗಿ ಬರುವ ಖರ್ಚೆಲ್ಲ ನಮ್ಮದೇ, ಗುಂತಕಲ್‌ನಿಂದ ದೆಹಲಿ ರೈಲಿನ ಟಿಕೆಟ್ ಸಮೇತ. ಬೇರೆಯವರಿಂದ ಕೇಳುತ್ತಿರುವುದು ನಾವು ಹತ್ತುವ ಒಂದೊಂದು ಅಡಿಗೆ ಒಂದು ಪೈಸೆ. ಶಿಖರ ಸುಮಾರು 12,500 ಅಡಿ, ಅಂದರೆ ತಲೆಗೆ 125 ರೂಪಾಯಿ. ಮನಸ್ಸಿದ್ದವರು ಅಡಿಗೆ ಹತ್ತು ಪೈಸೆ ಕೊಡುತ್ತಿದ್ದಾರೆ. ನಮ್ಮ ಪಕ್ಕದ ಮನೆಯ ಅಂಕಲ್ ಮಾತ್ರ ಫೋನಿನಲ್ಲಿ ಎಲ್ಲ ನೋಡಿಕೊಂಡು ಬಂದು, "ನೀವು ನಡೆಯೋಕೆ ಶುರು ಮಾಡೋ ಸಂಕ್ರಿ ಊರೇ ಆರು ಸಾವಿರ ಅಡಿಗಿಂತ ಮೇಲೈತಲ್ಲಮ್ಮ, ಅಲ್ಲಿವರೆಗೂ ಹತ್ತೋದು ಜೀಪು, ನೀವಲ್ಲ" ಎಂದು ಅರ್ಧ ದುಡ್ಡು ಕೊಟ್ಟರು. ಲೆಕ್ಕ ಸರಿಯೇ ಇದೆ, ಏನು ಹೇಳುವುದು.

ಈಗ ಶೂ ಕಥೆ. ಏಪ್ರಿಲ್‌ನಲ್ಲಿ ಆನ್‌ಲೈನ್ ಆಫರ್ ನೋಡಿ 3,800 ಕೊಟ್ಟು ತರಿಸಿದ್ದು. ಹರಡು ಮುಚ್ಚುವಷ್ಟು ಎತ್ತರ, ಸೋಲಿನಲ್ಲಿ ಆಳವಾದ ಗೀರು, ನೀರು ಹೋಗುವುದಿಲ್ಲ ಎಂಬ ಮಾತು. ಕಂಪನಿ ಹೆಸರು ಬೇಡ ಬಿಡಿ. ನನ್ನದೂ ತಪ್ಪಿದೆ. ಡಬ್ಬಿ ಸಮೇತ ಅದನ್ನು ಮಹಡಿ ಮೇಲಿನ ತಗಡಿನ ಶೆಡ್‌ನಲ್ಲಿ ಇಟ್ಟಿದ್ದೆ. ಬಳ್ಳಾರಿ ಬೇಸಿಗೆ, ಅದರಲ್ಲಿ ತಗಡಿನ ಶೆಡ್, ಒಳಗೆ ಹಪ್ಪಳ ಇಟ್ಟರೆ ಹಪ್ಪಳವೇ ಸುಟ್ಟುಹೋಗುತ್ತದೆ, ಇನ್ನು ಗಮ್ಮು ಉಳಿಯುತ್ತದಾ? ನವೆಂಬರ್‌ನಲ್ಲಿ ಕೋಟೆ ಗುಡ್ಡ ಹತ್ತುವ ಪ್ರಾಕ್ಟೀಸ್ ಶುರು ಮಾಡಿದೆವು. ಎರಡನೇ ಭಾನುವಾರ ಅರ್ಧ ದಾರಿಯಲ್ಲಿ ಎಡಗಾಲಿನ ಸೋಲ್ ಮುಂದಿನಿಂದ ಬಿಚ್ಚಿಕೊಂಡು, ಹೆಜ್ಜೆ ಇಟ್ಟಾಗಲೆಲ್ಲ ಪಟ್ ಪಟ್ ಎಂದು ಬಡಿಯತೊಡಗಿತು. ಜಡೆಗೆ ಹಾಕಿದ್ದ ರಬ್ಬರ್ ಬ್ಯಾಂಡ್ ತೆಗೆದು ಶೂಗೆ ಸುತ್ತಿಕೊಂಡು ಇಳಿದೆ. ಎದುರಿಗೆ ಕುಂಬಾರ ಗುಡ್ಡ, ಮಲಗಿದ ಮನುಷ್ಯನ ಮುಖದ ಥರ ಕಾಣುತ್ತದಲ್ಲ ಅದು. ಆ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ ಎಂದು ತಡವಾಗಿ ಗೊತ್ತಾಗಿ, ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನ್ನು ಹೈದರಾಲಿ ನೇಣಿಗೆ ಹಾಕಿಸಿದ ಎನ್ನುವ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅವತ್ತು ನನಗೆ ಶೂ ಕಂಪನಿಯವರ ಮೇಲೆ ಹೆಚ್ಚುಕಡಿಮೆ ಅದೇ ಮನಸ್ಸು ಬಂದಿತ್ತು.

ಕಸ್ಟಮರ್ ಕೇರ್‌ನವರು "ಟೈಮ್ ಮುಗಿದಿದೆ ಮೇಡಂ" ಎಂದು ಬಹಳ ಪ್ರೀತಿಯಿಂದ ಹೇಳಿದರು. ಹೊಸದು ತೆಗೆದುಕೊಳ್ಳೋಣ ಎಂದರೆ ಹೊರಡಲು ಉಳಿದಿದ್ದು ತಿಂಗಳಿಗಿಂತ ಸ್ವಲ್ಪ ಜಾಸ್ತಿ. ಹೊಸ ಶೂ ಕಾಲಿಗೆ ಹೊಂದಲು ದಿನ ಬೇಕು, ಹೊಂದದ ಶೂ ಹಾಕಿಕೊಂಡು ಹಿಮದಲ್ಲಿ ಹೋದರೆ ಬೊಬ್ಬೆ ಗ್ಯಾರಂಟಿ. ಇದು ಆಗಲೇ ನನ್ನ ಕಾಲಿಗೆ ಒಗ್ಗಿತ್ತು. ಮನೆಯಲ್ಲಿ ಐದು ರೂಪಾಯಿಯ ಗಮ್ ಹಚ್ಚಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು, ಮಾರನೇ ದಿನ ನಡೆದಾಗ ಬಿರುಕು ಬಿಟ್ಟು ಮತ್ತೆ ಬಾಯಿ ತೆರೆಯಿತು. ಆ ಥರದ ಗಮ್ಮು ಮಡಚುವ ಜಾಗಕ್ಕಲ್ಲ, ನೆನಪಿಟ್ಟುಕೊಳ್ಳಿ.

ಆಮೇಲೆ ತಾತನ ಹತ್ತಿರ ಹೋಗಿದ್ದು. ಶೂ ಕೈಗೆ ತೆಗೆದುಕೊಂಡವರೇ ಮೊದಲು ಬೈದರು. "ಯಾರವ್ವಾ ಇದನ್ನ ಹಚ್ಚಿದ್ದು? ಕಲ್ಲಾಗೈತೆ ನೋಡು." ನಾನೇ ಎಂದೆ. ಏನೂ ಅನ್ನಲಿಲ್ಲ, ನನ್ನ ಮುಖ ಒಂದು ಸಲ ನೋಡಿದರು, ಅದು ಬೈಗುಳಕ್ಕಿಂತ ಜಾಸ್ತಿ ಆಯಿತು. ಯಾವ ಗುಡ್ಡ ಎಂದು ಕೇಳಿದರು. ಹಿಮಾಲಯ ಎಂದೆ. ಶಾಲೆ ಡೆಸ್ಕಿನ ಕಥೆಯನ್ನೂ ಹೇಳಿದೆ, ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಾರೇನೋ ಎಂಬ ಆಸೆ, ಸುಳ್ಳು ಯಾಕೆ ಹೇಳಲಿ. ತಾತ ತಲೆ ಎತ್ತದೆ, "ಪುಣ್ಯ ನಿಂದು, ದಾರ ನಂದು" ಎಂದರು. ಒಂದು ರೂಪಾಯಿ ಕಡಿಮೆ ಆಗಲಿಲ್ಲ.

ಕೆಲಸ ಮಾತ್ರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ನೋಡುವ ಹಾಗಿತ್ತು. ನನ್ನ ಗಮ್ಮನ್ನು ಕೆರೆದು ತೆಗೆಯುವುದಕ್ಕೇ ಮುಕ್ಕಾಲು ಗಂಟೆ. ಆಮೇಲೆ ಸೋಲನ್ನೂ ಮೇಲಿನ ಭಾಗವನ್ನೂ ಅರದಿಂದ ಉಜ್ಜಿ ಒರಟು ಮಾಡಿದರು, ನುಣ್ಣಗಿದ್ದರೆ ಹಿಡಿಯುವುದಿಲ್ಲವಂತೆ. ಸಲ್ಯೂಷನ್ ಎರಡೂ ಕಡೆ ತೆಳ್ಳಗೆ ಹಚ್ಚಿದರು. ತಕ್ಷಣ ಅಂಟಿಸಲಿಲ್ಲ. ಶೂ ಪಕ್ಕಕ್ಕಿಟ್ಟು ಬೇರೆಯವರ ಚಪ್ಪಲಿ ಹೊಲಿದರು, ಟೀ ಕುಡಿದರು, ನನಗೂ ಕೊಡಿಸಿದರು. ಮರೆತರೇನೋ ಎಂದು ನಾನು ಕೇಳಿದರೆ, ಹಚ್ಚಿದ ಜಾಗಕ್ಕೆ ಬೆರಳು ಮುಟ್ಟಿಸಿ ತೋರಿಸಿದರು. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒಂದಕ್ಕೊಂದು ಒತ್ತಬೇಕು, ಆಗಲೇ ಅದು ಗಟ್ಟಿಯಾಗಿ ಕಚ್ಚಿಕೊಳ್ಳುವುದು. ಹಸಿ ಇದ್ದಾಗಲೇ ಅಂಟಿಸಿ, ನಾಲ್ಕು ದಿನಕ್ಕೆ ಕಿತ್ತುಕೊಂಡು ಬರುವವರೇ ಜಾಸ್ತಿ ಎಂದರು. ಒತ್ತಿ, ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಮೇಣ ಹಚ್ಚಿದ ದಾರದಲ್ಲಿ ಸೋಲಿನ ಅಂಚಿಗೆ ಸುತ್ತ ಹೊಲಿಗೆ ಹಾಕಿದರು. ಬಲಗಾಲಿನದು ಇನ್ನೂ ಬಿಚ್ಚಿಕೊಂಡಿರಲಿಲ್ಲ, ಆದರೂ ಅದಕ್ಕೂ ಹಾಕಿದರು. "ಅಣ್ಣ ಹೋದ ದಾರಿಗೇ ತಮ್ಮ ಹೋಗ್ತಾನೆ."

ಅರ್ಧ ಸ್ಟಾರ್ ಕತ್ತರಿಸಿದ್ದು ಎಲ್ಲಿ ಎಂದರೆ, ರಾತ್ರಿಯೆಲ್ಲ ಭಾರ ಹೇರಿ ಇಡಬೇಕು, ನಾಳೆ ಬಾ ಎಂದರು. ನಾಳೆ ಹೋದರೆ ಇನ್ನೊಂದು ನಾಳೆ. ಮೂರು ನಾಳೆ ಆದವು. ಒಂದು ದಿನ ತಾತನೇ ಇರಲಿಲ್ಲ, ಪೆಟ್ಟಿಗೆ ಮೇಲೆ ನಾಯಿ ಮಲಗಿತ್ತು. ಫೋನ್ ನಂಬರ್ ಕೊಡುವುದಿಲ್ಲ. ಕೆಲಸವಿದ್ದರೆ ಜನ ಬರುತ್ತಾರೆ, ಫೋನ್ ಯಾಕೆ ಎಂಬ ಲೆಕ್ಕ.

ಶೂ ಮನೆಗೆ ತಂದ ಮೇಲೆ ನಾನೊಂದು ಪರೀಕ್ಷೆ ಮಾಡಿದೆ. ಒಳಗೆ ಪೇಪರ್ ತುರುಕಿ, ನೀರು ತುಂಬಿದ ಟಬ್ಬಿನಲ್ಲಿ ಸೋಲ್ ಮುಳುಗಿ ಒಂದಿಂಚು ಮೇಲೆ ಬರುವಷ್ಟು ಅರ್ಧ ಗಂಟೆ ನಿಲ್ಲಿಸಿದೆ. ಬಲಗಾಲು ಒಣ. ಎಡಗಾಲಿನ ಬೆರಳ ತುದಿಯಲ್ಲಿ ಪೇಪರ್ ಒದ್ದೆ. ಮತ್ತೆ ಹೋದೆ. "ಸೂಜಿ ಹೋದ ಕಡೆ ನೀರು ಹೋಗದೆ ಇರುತ್ತಾ?" ಎಂದು ನನಗೇ ಕೇಳಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಮುಂಭಾಗದ ಹೊಲಿಗೆ ಮೇಲೆ ಅಂಟಿಸಿದರು. ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೂದು ಬಣ್ಣದ ಶೂ ಮೇಲೆ ಕಪ್ಪು ಪಟ್ಟಿ, ಪಂಕ್ಚರ್ ಹಾಕಿದ ಹಾಗೆ ಕಾಣುತ್ತದೆ. ಎರಡನೇ ಸಲ ಟಬ್ಬಿನಲ್ಲಿ ಇಟ್ಟಾಗ ಪೇಪರ್ ಒಣಗಿಯೇ ಬಂತು.

ಅಲ್ಲಿಂದ ಸರಿಯಾಗಿ ಉಜ್ಜಿದ್ದೇನೆ. ಬ್ಯಾಗಿನಲ್ಲಿ 8 ಕೆಜಿ ಜೋಳ ಹಾಕಿಕೊಂಡು ಕೋಟೆ ಗುಡ್ಡ ಆರು ಸಲ. ಸಂಡೂರು ಕಡೆ ಎರಡು ದಿನ, ಅದಿರಿನ ಕೆಂಪು ಧೂಳು ಹೊಲಿಗೆಯೊಳಗೆ ಕೂತುಬಿಟ್ಟಿದೆ, ಬ್ರಷ್ ಹಾಕಿದರೂ ಹೋಗುತ್ತಿಲ್ಲ. ಇಳಿಯುವಾಗ ಬೆರಳು ಮುಂದಕ್ಕೆ ಗುದ್ದುವುದಿಲ್ಲ, ಯಾಕೆಂದರೆ ಒಂದು ನಂಬರ್ ದೊಡ್ಡದು ತೆಗೆದುಕೊಂಡು ದಪ್ಪ ಸಾಕ್ಸ್ ಹಾಕುತ್ತಿದ್ದೇನೆ. ಉಗುರು ಕತ್ತರಿಸುವುದನ್ನು ಮಾತ್ರ ಮರೆಯಬೇಡಿ. ಕೊಪ್ಪಳ ಜಿಲ್ಲೆಯ ಅಂಜನಾದ್ರಿಗೂ ಹೋದೆವು, 575 ಮೆಟ್ಟಿಲು, ಉಸಿರು ಅಳೆಯಲು ಒಳ್ಳೆಯ ಜಾಗ. ಆದರೆ ಹನುಮ ಮಾಲೆ ಹಾಕಿದವರು ಬರಿಗಾಲಲ್ಲಿ ಹತ್ತುತ್ತಿದ್ದರು, ಅವರ ನಡುವೆ ಬೂಟು ಹಾಕಿಕೊಂಡು ಟಕಟಕ ಹೋಗಲು ನನಗೆ ಮನಸ್ಸಾಗಲಿಲ್ಲ. ಕೆಳಗೆ ಬಿಟ್ಟು ಹತ್ತಿದೆ. ಮೇಲೆ ಹೋಗುವವರೆಗೂ ದೇವರಿಗಿಂತ ಶೂನದೇ ಧ್ಯಾನ, ಯಾರಾದರೂ ಎತ್ತಿಕೊಂಡು ಹೋದರೆ ಎಂದು.

ನಮ್ಮ ಜೊತೆಗೆ ಬರುವವರಲ್ಲಿ ಒಬ್ಬರದು ಜೀನ್ಸ್ ಹೊಲಿಯುವ ಯೂನಿಟ್, ಬಳ್ಳಾರಿ ಅಂದಮೇಲೆ ಒಬ್ಬರಾದರೂ ಇರಲೇಬೇಕಲ್ವಾ. ಐವರಿಗೂ ಒಂದೇ ಥರದ ಜೀನ್ಸ್ ಹೊಲಿದು ಕೊಡುತ್ತೇನೆ, ಫೋಟೋಕ್ಕೆ ಚೆನ್ನಾಗಿರುತ್ತದೆ ಎಂದಿದ್ದರು. ಟ್ರೆಕ್ ನಡೆಸುವವರು ಕಳಿಸಿದ ಪಟ್ಟಿಯಲ್ಲಿ ಜೀನ್ಸ್ ಬೇಡವೇ ಬೇಡ ಎಂದಿದೆ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವ ಚಳಿಯಲ್ಲಿ ಅದನ್ನೇ ಹಾಕಿಕೊಂಡಿದ್ದರೆ ಮೈ ಬಿಸಿಯೆಲ್ಲ ಎಳೆದುಕೊಳ್ಳುತ್ತದೆ. ಅಣ್ಣ ಎರಡು ದಿನ ಮುನಿಸಿಕೊಂಡು, ಮೂರನೇ ದಿನ ಉಳಿದ ಡೆನಿಮ್ಮಿನಲ್ಲಿ ಶೂ ಇಡುವ ಚೀಲ ಹೊಲಿದು ತಂದರು. ಚೀಲಕ್ಕೆ ಐದು ಸ್ಟಾರ್, ಅದು ಬೇರೆ ಮಾತು.

ಒಂದು ಎಚ್ಚರಿಕೆ. ಹಿಮ ಗಟ್ಟಿಯಾದ ಕಡೆ ಶೂ ಮೇಲೆ ಮೈಕ್ರೋಸ್ಪೈಕ್ಸ್ ಹಾಕುತ್ತಾರೆ, ಕಬ್ಬಿಣದ ಹಲ್ಲಿರುವ ರಬ್ಬರ್ ಪಟ್ಟಿ. ಅದು ಶೂವನ್ನು ಸುತ್ತಲಿಂದ ಬಿಗಿ ಹಿಡಿಯುತ್ತದೆ, ಹಾಗಾಗಿ ಹೊಲಿದ ಸೋಲಿಗೆ ಅದು ಆಸರೆಯೇ. ಆದರೆ ನಿಮ್ಮ ಸೋಲಿನ ಗೀರು ಸವೆದು ನುಣ್ಣಗಾಗಿದ್ದರೆ ತಾತನ ಹತ್ತಿರ ಹೋಗಿ ಪ್ರಯೋಜನವಿಲ್ಲ, ಹೊಸದು ತೆಗೆದುಕೊಳ್ಳಿ. ನಡುವಿನ ಮೆತ್ತನೆಯ ಪದರ ಪುಡಿಪುಡಿಯಾಗಿ ಉದುರುತ್ತಿದ್ದರೂ ಅಷ್ಟೇ, ಅದಕ್ಕೆ ಸಲ್ಯೂಷನ್ ಹಚ್ಚಲು ಜಾಗವೇ ಇರುವುದಿಲ್ಲ. ಬರೀ ಅಂಟು ಬಿಟ್ಟಿದ್ದರೆ ಮಾತ್ರ ಅಲ್ಲಿಗೆ ಹೋಗಿ. ಹೊರಡುವ ಹಿಂದಿನ ದಿನ ಹೋಗಬೇಡಿ, ಮೂರು ನಾಳೆ ಲೆಕ್ಕ ಹಿಡಿದುಕೊಂಡು ಹೋಗಿ.

ಬೆಳಿಗ್ಗೆ ಹತ್ತರ ನಂತರ ಇರುತ್ತಾರೆ, ಮಧ್ಯಾಹ್ನ ಬಿಸಿಲಿಗೆ ಮರದ ಆ ಕಡೆಗೆ ಸರಿದಿರುತ್ತಾರೆ, ಇಲ್ಲ ಎಂದುಕೊಂಡು ವಾಪಸ್ ಬರಬೇಡಿ. ಫೋನ್‌ಪೇ ಇಲ್ಲ. ಐನೂರರ ನೋಟು ಕೊಟ್ಟರೆ ಚಿಲ್ಲರೆ ತರಲು ನಿಮ್ಮನ್ನೇ ಎದುರಿನ ಮಿರ್ಚಿ ಅಂಗಡಿಗೆ ಕಳಿಸುತ್ತಾರೆ, ಅಲ್ಲಿ ಒಗ್ಗರಣೆ ಮಿರ್ಚಿ ತಿನ್ನದೆ ಚಿಲ್ಲರೆ ಕೊಡುವುದಿಲ್ಲ.