ಫ್ರೆಂಚ್ ಉಚ್ಚಾರಣೆ ಕಲಿಯಲು ಆ್ಯಪ್, ಸಂಜೆ ಕ್ಲಾಸು, ರೇಡಿಯೋ, ಇಲ್ಲಾ ಬಾಯಿ ನೋಡುವ ಟೀಚರ್?

ನಮ್ಮ ಮನೆಯಲ್ಲಿ ಒಂದು ಹಳೇ ಟೇಬಲ್ ಲ್ಯಾಂಪ್ ಇದೆ. ಅದಕ್ಕೆ ಕೊಟ್ಟದ್ದು 12 ಯೂರೋ. ನಾನು ಕೇಳಿದ್ದು 2 ಯೂರೋಗೆ.

ಇದು ನಡೆದದ್ದು ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ. ಭಾನುವಾರ ಇಲ್ಲಿ ಯಾವುದಾದರೂ ಬಡಾವಣೆಯ ಜನ ಮನೆಯ ಹಳೇ ಸಾಮಾನನ್ನೆಲ್ಲ ರಸ್ತೆಯಲ್ಲಿ ಹರಡಿ ಮಾರುತ್ತಾರೆ. 'ವೀದ್ ಗ್ರೆನಿಯೇ' ಅಂತಾರೆ, ಅಟ್ಟ ಖಾಲಿ ಮಾಡುವುದು ಅಂತ ಅರ್ಥ. ಲ್ಯಾಂಪಿಗೆ ಅಲ್ಲಿದ್ದ ಅಜ್ಜ 15 ಹೇಳಿದರು. ನಾನು ಕೆ.ಆರ್. ಮಾರ್ಕೆಟ್ ಅಭ್ಯಾಸದಲ್ಲಿ ನಾಚಿಕೆ ಬಿಟ್ಟು ಎರಡು ಅಂದೆ. ಅಜ್ಜ ಸ್ವಲ್ಪ ಯೋಚಿಸಿ 'ದಕೋರ್', ಆಯಿತು, ಅಂದು ಪೇಪರಿನಲ್ಲಿ ಸುತ್ತಿಯೇ ಬಿಟ್ಟರು. ನನಗೋ ಒಳಗೊಳಗೇ ಹಿಗ್ಗು. ಎರಡು ಯೂರೋ ನಾಣ್ಯ ಕೊಟ್ಟೆ. ಅವರು ನಾಣ್ಯ ನೋಡಿದರು, ನನ್ನ ಮುಖ ನೋಡಿದರು, ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಎರಡು ಅನ್ನಲು ಹೋಗಿ ನಾನು ಹನ್ನೆರಡು ಅಂದಿದ್ದೆ. ಫ್ರೆಂಚಿನಲ್ಲಿ ಎರಡರ ಬೆನ್ನಿಗೇ ಯೂರೋ ಬಂದರೆ ನಡುವೆ ಇಂಗ್ಲಿಷ್ z ಸದ್ದಿನ ಒಂದು ಜ಼ ಸೇರಿಕೊಳ್ಳುತ್ತದೆ. ಹನ್ನೆರಡರಲ್ಲಿ ಆ ಜ಼ ಮೊದಲೇ ಇದೆ. ಹಾಗಾಗಿ ಎರಡಕ್ಕೂ ಹನ್ನೆರಡಕ್ಕೂ ಉಳಿಯುವ ವ್ಯತ್ಯಾಸ ಒಂದೇ ಒಂದು ಸ್ವರದ್ದು. ಹನ್ನೆರಡರಲ್ಲಿ ನಮ್ಮ 'ದು'. ಎರಡರಲ್ಲಿ ಕನ್ನಡದಲ್ಲಿ ಇಲ್ಲದ ಒಂದು ಸ್ವರ. ಸುತ್ತಿದ ಲ್ಯಾಂಪ್ ಬಿಚ್ಚಿಸಲು ಮುಖ ಬರಲಿಲ್ಲ. ಹತ್ತರ ನೋಟು ತೆಗೆದೆ.

ಆ ದಿನ ನನ್ನ ಫೋನಿನ ಆ್ಯಪ್‌ನಲ್ಲಿ ಉಚ್ಚಾರಣೆಗೆ ನೂರಕ್ಕೆ 94 ಅಂಕ ಇತ್ತು.

ಅಲ್ಲಿಂದ ಈಚೆಗೆ ನಾಲ್ಕು ದಾರಿ ನೋಡಿದ್ದೇನೆ. ಆ್ಯಪ್, ಸಂಜೆಯ ಕ್ಲಾಸು, ರೇಡಿಯೋ ಕೇಳಿ ಹಾಗೇ ಹೇಳುವುದು, ಮತ್ತೆ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಒಬ್ಬ ಟೀಚರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೀಚರಿಗೆ. ಯಾಕೆ ಅಂದರೆ ನಾಲ್ಕರಲ್ಲಿ ನನ್ನ ಬಾಯಿಯನ್ನು ನೋಡಿದ್ದು ಅವರೊಬ್ಬರೇ.

ಆ್ಯಪ್ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಒಂದು ವರ್ಷದ ದುಡ್ಡು ಒಟ್ಟಿಗೇ ಕಟ್ಟಿದ್ದೇನೆ, 70 ಯೂರೋ ಹೋಗಿದೆ, ಹೊಟ್ಟೆಯುರಿ ಇದೆ. ಹೆಸರು ಬೇಡ. ಪದಗಳು, ವ್ಯಾಕರಣ, ದಿನಾ ಕೂರಿಸುವ ಅಭ್ಯಾಸ, ಅದಕ್ಕೆಲ್ಲ ಚೆನ್ನಾಗಿದೆ. ಆದರೆ ಮೈಕ್ ಗುರುತು ಬರುತ್ತದಲ್ಲ, ಈ ವಾಕ್ಯ ಹೇಳಿ ಅಂತ, ಅಲ್ಲೇ ಮೋಸ ಹೋದದ್ದು.

ಲ್ಯಾಂಪ್ ತಂದ ಸಂಜೆ ಒಂದು ಪರೀಕ್ಷೆ ಮಾಡಿದೆ. ಆ್ಯಪ್ 'ನಾನು ಆಫೀಸಿಗೆ ಹೋಗುತ್ತೇನೆ' ಅಂತ ಹೇಳಲು ಹೇಳಿತು. ಆಫೀಸಿಗೆ ಫ್ರೆಂಚಿನಲ್ಲಿ ಬ್ಯೂರೋ. ನಾವು ಇಂಗ್ಲಿಷಿನಿಂದ ಕಲಿತ ಆ 'ಯ' ಅದರಲ್ಲಿ ಇಲ್ಲ. 'ಯ' ಬೇಡ ಅಂತ ತೆಗೆದರೆ ನಮ್ಮ ಬಾಯಿಗೆ ಬರುವುದು ಬೂರೋ. ಬೂರೋ ಅಂದರೆ ಫ್ರೆಂಚಿನಲ್ಲಿ ತಲೆ ಕಡಿಯುವವನು, ವಧೆಗಾರ. ನಾನು ಬೇಕಂತಲೇ ಗಟ್ಟಿಯಾಗಿ ಬೂರೋ ಅಂದೆ. ನಾನು ವಧೆಗಾರನ ಹತ್ತಿರ ಹೋಗುತ್ತೇನೆ. ಟಿಂಗ್ ಅಂತ ಹಸಿರು ಗುರುತು. ಇನ್ನೊಂದು ಸಲ ಹೇಳಿದೆ. ಹಸಿರು. 'ರ'ವನ್ನು ಶುದ್ಧ ದಾವಣಗೆರೆ 'ರ'ದಲ್ಲಿ ನಾಲಿಗೆ ನಡುಗಿಸಿ ಹೇಳಿದೆ. ಹಸಿರು, ಜೊತೆಗೆ ಚಪ್ಪಾಳೆ ತಟ್ಟುವ ಒಂದು ಗೊಂಬೆ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ನಾನು ಯಾವ ವಾಕ್ಯ ಹೇಳಬೇಕು ಅಂತ ಅದಕ್ಕೆ ಮೊದಲೇ ಗೊತ್ತು. ಮಾತನ್ನು ಗುರುತಿಸುವ ಯಂತ್ರದ ಕೆಲಸವೇ ಅಕ್ಕಪಕ್ಕದ ಪದ ನೋಡಿ ಇವನು ಏನು ಹೇಳಲು ಹೊರಟಿದ್ದಾನೆ ಅಂತ ಊಹಿಸುವುದು. 'ಹೋಗುತ್ತೇನೆ' ಜೊತೆಗೆ ಆಫೀಸು ಬರುವುದು ಸಹಜ, ವಧೆಗಾರ ಬರುವುದು ಅಪರೂಪ. ಹಾಗಾಗಿ ನನ್ನ ತಪ್ಪನ್ನು ಅದು ಪ್ರೀತಿಯಿಂದ ತಿದ್ದಿಕೊಂಡು ಕೇಳುತ್ತದೆ, ತೊದಲು ಮಗುವಿನ ಮಾತು ಅಮ್ಮನಿಗೆ ಅರ್ಥವಾದ ಹಾಗೆ. ಸಂತೆಯ ಅಜ್ಜನಿಗೆ ಆ ಪ್ರೀತಿ ಇರಬೇಕಿಲ್ಲ ಅಲ್ವಾ.

ಅದೇ ಫೋನಿನಲ್ಲಿ ಇದಕ್ಕಿಂತ ಖಡಕ್ ಪರೀಕ್ಷಕ ಪುಕ್ಕಟೆ ಇದ್ದಾನೆ. ಕೀಬೋರ್ಡ್ ಭಾಷೆ ಫ್ರೆಂಚ್ ಮಾಡಿ, ಮೈಕ್ ಒತ್ತಿ, ಒಂದೇ ಒಂದು ಪದ ಹೇಳಿ. ವಾಕ್ಯ ಬೇಡ, ವಾಕ್ಯ ಕೊಟ್ಟರೆ ಅದೂ ಊಹೆಗೆ ಇಳಿಯುತ್ತದೆ. ನಾನು 'ಪ್ಯೂಲ್' ಅಂದೆ, ಸ್ವೆಟರ್. ಅದು ಬರೆದದ್ದು 'ಪೂಲ್', ಕೋಳಿ. ಮೂರು ದಿನ ಕೋಳಿಯೇ ಬಂತು.

ಇನ್ನು ಸಂಜೆಯ ಕ್ಲಾಸು. ವಾರಕ್ಕೆ ಎರಡು ಸಂಜೆ, ಮೂರು ತಿಂಗಳಿಗೆ 120 ಯೂರೋ. ಗಂಟೆ ಲೆಕ್ಕದಲ್ಲಿ ತುಂಬಾ ಅಗ್ಗ. ಹದಿನಾಲ್ಕು ಜನ ಇದ್ದೆವು, ಒಬ್ಬೊಬ್ಬರದು ಒಂದೊಂದು ರೋಗ. ಸ್ಪೇನಿನವಳಿಗೆ ಬ ಮತ್ತು ವ ಕಲಸುತ್ತದೆ. ಸಿರಿಯಾದವನಿಗೆ ಪ ಬದಲು ಬ ಬರುತ್ತದೆ. ನನಗೆ ಜ಼ ಎಲ್ಲ ಜ ಆಗುತ್ತದೆ. ಮೇಡಂ ಪಾಪ ಯಾರನ್ನಂತ ತಿದ್ದುತ್ತಾರೆ? ಅರ್ಥವಾದರೆ ಸಾಕು, 'ತ್ರೆ ಬ್ಯಾಂ', ತುಂಬಾ ಚೆನ್ನಾಗಿದೆ, ಅಂದು ಮುಂದೆ ಹೋಗುತ್ತಾರೆ.

ಆದರೂ ಕ್ಲಾಸಿನಿಂದ ಸಿಕ್ಕ ಲಾಭ ಪಕ್ಕದ ಕುರ್ಚಿಯದು. ಫ್ರೆಂಚ್ 'ರ' ಬರುವುದು ನಾಲಿಗೆಯ ತುದಿಯಿಂದಲ್ಲ, ಹಿಂದೆ ಕಿರುನಾಲಿಗೆಯ ಹತ್ತಿರದಿಂದ. ಸಿರಿಯಾದ ಗೆಳೆಯನಿಗೆ ಅದು ಹುಟ್ಟಿನಿಂದಲೇ ಇದೆ, ಅರಬ್ಬಿಯಲ್ಲಿ ಹತ್ತಿರ ಹತ್ತಿರ ಅದೇ ಸದ್ದು. ಅವನು ನಾಲ್ಕು ಸಲ ಹೇಳಿ ತೋರಿಸಿದ ಮೇಲೆ ತಲೆಯಲ್ಲಿ ಬಲ್ಬ್ ಹತ್ತಿತು. ಸ್ಕೂಲಿನಲ್ಲಿ ನನ್ನ ಉರ್ದು ಗೆಳೆಯರು ಗ಼ಜಲ್ ಅನ್ನುವಾಗ ಬರುತ್ತಿದ್ದ ಗ಼! ಅದನ್ನು ಸ್ವಲ್ಪ ಸಡಿಲ ಮಾಡಿದರೆ 'ರ' ಆಯಿತು. ಪ, ತ, ಕ ಆದ ಮೇಲೆ ಬಂದರೆ ಅದು ಬರೀ ಉಸಿರಿನ ಗೊರಗೊರ, ಖ ಅನ್ನಲು ಹೋಗಿ ಗಂಟಲು ಮುಚ್ಚದೆ ಬಿಟ್ಟ ಹಾಗೆ. ಎಲ್ಲರೂ ಫ್ರೆಂಚ್ ಅಂದರೆ 'ರ'ಕ್ಕೇ ಹೆದರುತ್ತಾರೆ. ನಿಜ ಹೇಳಬೇಕೆಂದರೆ ನಾಲಿಗೆ ತುದಿಯ 'ರ'ದಿಂದ ನನ್ನ ಮಾತು ಯಾರಿಗೂ ತಪ್ಪಾಗಿ ಕೇಳಿಲ್ಲ. ಇಲ್ಲಿನ ಹಳ್ಳಿಗಳ ಹಳೇ ತಲೆಮಾರಿನವರು ಕೂಡ ಹಾಗೇ 'ರ' ಉರುಳಿಸುತ್ತಿದ್ದರಂತೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ರೇಡಿಯೋ ದಾರಿಗೆ ಖರ್ಚಿಲ್ಲ. ಆರ್‌ಎಫ್‌ಐ ರೇಡಿಯೋದಲ್ಲಿ ಸುಲಭ ಫ್ರೆಂಚಿನ ವಾರ್ತೆ ಬರುತ್ತದೆ, ಹತ್ತು ನಿಮಿಷದ್ದು, ಓದಿನ ಪಠ್ಯವೂ ಸೈಟಿನಲ್ಲಿ ಸಿಗುತ್ತದೆ. ಒಂದು ವಾಕ್ಯ ಕೇಳುವುದು, ನಿಲ್ಲಿಸಿ ಹಾಗೇ ಹೇಳುವುದು, ಫೋನಿನಲ್ಲಿ ರೆಕಾರ್ಡ್ ಮಾಡಿ ಹೋಲಿಸುವುದು. ನಮ್ಮ ಫ್ಲಾಟಿನ ಗೋಡೆ ತೆಳು, ಅದಕ್ಕೆ ಕನಾಲ್ ದ್ಯು ಮಿದಿ ಅನ್ನುವ ಕಾಲುವೆಯ ದಂಡೆಗೆ ಹೋಗಿ ಮಾಡುತ್ತಿದ್ದೆ. ಪ್ಲೇನ್ ಮರಗಳ ಕೆಳಗೆ ಒಬ್ಬನೇ ಈ, ಈ, ಊ ಅನ್ನುವವನನ್ನು ಸೈಕಲ್ಲಿನವರು ತಿರುಗಿ ನೋಡಿಕೊಂಡು ಹೋಗುತ್ತಿದ್ದರು. ಮಾತಿನ ಓಟ, ಎಲ್ಲಿ ಪದ ಪದಕ್ಕೆ ಅಂಟುತ್ತದೆ, ಅದೆಲ್ಲ ಇದರಿಂದಲೇ ಬಂದದ್ದು. ಆದರೆ ರೆಕಾರ್ಡ್ ಕೇಳಿದರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತಿತ್ತೇ ಹೊರತು, ತಪ್ಪು ತುಟಿಯಲ್ಲಿದೆಯೋ ನಾಲಿಗೆಯಲ್ಲಿದೆಯೋ ತಿಳಿಯುತ್ತಿರಲಿಲ್ಲ.

ಅದನ್ನು ಹೇಳಿದ್ದು ಟೀಚರ್. ನಿವೃತ್ತಿಯಾದವರು, ಪ್ಯಾರಿಸ್ ಕಡೆಯವರು, ಅರ್ಧ ಗಂಟೆಗೆ 12 ಯೂರೋ. ಹೌದು, ಲ್ಯಾಂಪಿನಷ್ಟೇ. ಮೊದಲ ದಿನವೇ ಫೋನನ್ನು ಬಾಯಿಗೆ ಹತ್ತಿರ ಹಿಡಿಯಿರಿ ಅಂದರು. ನಾನು ಪ್ಯೂಲ್ ಅಂದೆ, ಕೋಳಿ ಬಂತು. ನಿಮ್ಮ ತುಟಿ ಸರಿ ಇದೆ, ನಾಲಿಗೆ ಓಡಿಹೋಗುತ್ತಿದೆ ಅಂದರು.

ನಾನು ನಮ್ಮ ಸ್ವರಗಳನ್ನು ಹೇಳಿ ನೋಡಿಕೊಂಡೆ. ಇ, ಎ ಅನ್ನುವಾಗ ನಾಲಿಗೆ ಮುಂದೆ, ತುಟಿ ಅಗಲ. ಉ, ಒ ಅನ್ನುವಾಗ ತುಟಿ ದುಂಡು, ಜೊತೆಗೇ ನಾಲಿಗೆ ಹಿಂದೆ. ಕನ್ನಡದಲ್ಲಿ ತುಟಿ ದುಂಡಾದರೆ ನಾಲಿಗೆ ಹಿಂದೆ ಸರಿಯಲೇಬೇಕು, ಹುಟ್ಟಿದಾಗಿನಿಂದ ಎರಡೂ ಜೋಡೆತ್ತು. ಫ್ರೆಂಚ್ ಆ ಜೋಡಿಯನ್ನು ಬಿಚ್ಚುತ್ತದೆ. ಟೀಚರ್ ಹೇಳಿದ ಉಪಾಯ ಇಷ್ಟೇ: ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲಿಗೆ ಒತ್ತಿ ಹಿಡಿಯಿರಿ. ಈ ಅಂತ ಎಳೆಯಿರಿ. ನಿಲ್ಲಿಸಬೇಡಿ, ನಾಲಿಗೆ ಅಲುಗಿಸಬೇಡಿ, ತುಟಿ ಮಾತ್ರ ಮುಂದೆ ತನ್ನಿ. ನನಗೆ ಅಜ್ಜಿಯ ಊದುಗೊಳವೆ ನೆನಪಾಯಿತು. ಬಾಯೊಳಗೆ ಈ ಇಟ್ಟುಕೊಂಡು ಒಲೆ ಊದುವುದು. ಮೊದಲ ಸಲ ಸರಿಯಾಗಿ ಬಂದಾಗ ನನ್ನ ಬಾಯಿಂದಲೇ ಬಂತಾ ಅಂತ ಅನುಮಾನ. ಇದನ್ನೇ ಏ ಜೊತೆ ಮಾಡಿ ಅಂದರು. ನಾಲಿಗೆಯಲ್ಲಿ ಏ, ತುಟಿಯಲ್ಲಿ ಓ. ಅದೇ ಎರಡು ಯೂರೋದ ಸ್ವರ! ಆರು ತಿಂಗಳು ಬಾರದ್ದು ಇಪ್ಪತ್ತು ನಿಮಿಷದಲ್ಲಿ ಬಂತು. ಮರುದಿನ ಮತ್ತೆ ಹೋಯಿತು, ಅದು ಬೇರೆ ಮಾತು.

ಇದಕ್ಕೆ ಕನ್ನಡ ಅಕ್ಷರ ಇಲ್ಲವಲ್ಲ, ನೋಟ್‌ಬುಕ್ಕಿನಲ್ಲಿ ನಾನೇ ಒಂದು ಮಾಡಿಕೊಂಡಿದ್ದೇನೆ. 'ತಿ' ಬರೆದು, ಅದೇ ತಿ ಪಕ್ಕಕ್ಕೆ ಉಕಾರದ ಕೊಂಬನ್ನೂ ಹಾಕುವುದು. ಗುಡಿಸು ಮೇಲೆ, ಕೊಂಬು ಪಕ್ಕದಲ್ಲಿ. ಟೈಪ್ ಮಾಡಲು ಆಗದು, ಕೈಯಲ್ಲಿ ಸಲೀಸು. ಅಂದಹಾಗೆ ತ ಬರೆಯಿರಿ, ಟ ಬೇಡ. ಫ್ರೆಂಚಿನ ತ, ದ ಎರಡೂ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸುವಂಥವು. ಪ, ಕ ಕೂಡ ಉಸಿರು ಬಿಡದ ನಮ್ಮ ಪ, ಕ. ಇಂಗ್ಲಿಷಿನವರು ಒದ್ದಾಡುವ ಜಾಗದಲ್ಲಿ ನಾವು ಆರಾಮ. ಆದರೆ ನಮ್ಮವರೇ ಫ್ರೆಂಚನ್ನು ಇಂಗ್ಲಿಷ್ ಕನ್ನಡಕದಿಂದ ಓದಿ 'ಟ್ರೆ' ಅಂದು ಇದ್ದ ಲಾಭವನ್ನೂ ಕಳೆದುಕೊಳ್ಳುತ್ತಾರೆ.

ಮೂಗಿನ ಸ್ವರಗಳಲ್ಲಿ ಟೀಚರ್ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ನಮ್ಮ ಅನುಸ್ವಾರ ಕೊನೆಯಲ್ಲಿ ಬಂದರೆ ಮ್ ಆಗಿಬಿಡುತ್ತದೆ, ಬಾಯಿ ಮುಚ್ಚುತ್ತದೆ. ಫ್ರೆಂಚಿನಲ್ಲಿ ಮುಚ್ಚಬಾರದು. ನನ್ನ ಹೆಂಡತಿ ಮಂಗಳೂರಿನವಳು, ಮನೆಮಾತು ಕೊಂಕಣಿ. 'ಹಾಂವ್' ಅಂತ ಮೂಗಿನಲ್ಲೇ ಬೆಳೆದವಳು, ಅವಳಿಗೆ ಇದು ಪಾಠವೇ ಅಲ್ಲ. ಹಿಂದಿಯ 'ಮೈಂ' ಸರಿಯಾಗಿ ಹೇಳುವವರಿಗೂ ಅರ್ಧ ಕೆಲಸ ಆದ ಹಾಗೆ. ಇನ್ನೊಂದು ತಮಾಷೆ ಇದೆ. ಪ್ಯಾರಿಸ್‌ನ ಟೀಚರ್ ಬ್ರೆಡ್ಡಿಗೆ ಶುದ್ಧ ಮೂಗಿನ 'ಪ್ಯಾಂ' ಕಲಿಸಿದರು. ತುಲೂಸ್‌ನ ಬೇಕರಿಯಾಕೆ 'ಪೆಂಗ್' ಅಂತಾರೆ, ಕೊನೆಗೆ ಸ್ವಲ್ಪ ಙ ಸೇರಿಸಿ, ಈ ದಕ್ಷಿಣದ ಕಡೆ ಹಾಗೇ. ನನ್ನ ಬಾಯಿಗೆ ಅದೇ ಹಿತ. ನನ್ನ ಟೀಚರ್ ಪ್ಯಾರಿಸ್‌ನವರು, ನನ್ನ ಬ್ರೆಡ್ಡು ತುಲೂಸ್‌ನದು, ನಾನು ಪೆಂಗ್ ಅಂತಲೇ ಹೇಳುತ್ತೇನೆ. ಇಲ್ಲಿ ಚಾಕೊಲೇಟ್ ತುಂಬಿದ ಬನ್ನಿಗೂ ಪ್ಯಾರಿಸ್ ಕಡೆಯ 'ಪ್ಯಾಂ ಓ ಶೊಕೊಲಾ' ಅನ್ನುವ ಹೆಸರು ಹೇಳಿದರೆ ಮುಖ ಸಿಂಡರಿಸುತ್ತಾರೆ, ಶೊಕೊಲಾತೀನ್ ಅನ್ನಬೇಕು.

ಟೀಚರ್ ಹತ್ತಿರ ಒಟ್ಟು ಒಂಬತ್ತು ಶನಿವಾರ, 108 ಯೂರೋ. ಆರನೆಯದಕ್ಕೇ ನಿಲ್ಲಿಸಬಹುದಿತ್ತು. ಆಮೇಲೆ ಸುಮ್ನೆ ಹರಟೆ ಹೊಡೆದೆವು, ಅದೂ ತಪ್ಪಲ್ಲ. ನಾನು ದಿನಾ ಟ್ರಾಮಿನಲ್ಲಿ ಬ್ಲಾನ್ಯಾಕ್ ಕಡೆ ಆಫೀಸಿಗೆ ಹೋಗುವವನು, ಕಿವಿಗೆ ರೇಡಿಯೋ ಹಾಕಿಕೊಳ್ಳಲು ಸಮಯ ಇದೆ, ಶಿಸ್ತು ಕಡಿಮೆ. ಹಾಗಾಗಿ ನನ್ನ ಲೆಕ್ಕ: ಐದಾರು ಸಲ ಟೀಚರಿಗೆ ದುಡ್ಡು ಕೊಟ್ಟು ಬಾಯಿ ತೋರಿಸಿ, ಮಿಕ್ಕದ್ದಕ್ಕೆ ರೇಡಿಯೋ ಮತ್ತೆ ಒಂಟಿ ಪದದ ಮೈಕ್. ಇನ್ನೂ ಊರಲ್ಲೇ ಇದ್ದು, ಮಾತಾಡಲು ಯಾರೂ ಇಲ್ಲದಿದ್ದರೆ ಕ್ಲಾಸಿಗೆ ಸೇರಿ, ಕೊನೇಪಕ್ಷ ಹದಿಮೂರು ಜನ ಕೇಳುತ್ತಾರೆ. ಆ್ಯಪ್‌ಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ.

ಕಳೆದ ತಿಂಗಳು ಫೋನ್ ಕೋಳಿ ಬಿಟ್ಟು ಸ್ವೆಟರ್ ಬರೆಯಿತು, ಸತತ ಹತ್ತು ಸಲ. ಬ್ಯೂರೋ ಕೂಡ ಆಫೀಸೇ ಆಗಿದೆ. ಉಳಿದಿರುವುದು 'ಎಕ್ಯುರೋಯ್'. ಈ ಮೇಲಿನ ಮೊದಲ ಸ್ವರವೂ ಎರಡನೆಯದಕ್ಕೆ ತೀರಾ ಹತ್ತಿರದ ಇನ್ನೊಂದೂ ಅದರಲ್ಲೇ, ನಡುವೆ ಆ 'ರ', ಕೊನೆಗೆ ಒಂದು ಯ್. ಅಳಿಲು ಅಂತ ಅರ್ಥ. ಕಾಲುವೆ ದಂಡೆಯಲ್ಲಿ ಅದು ಕಂಡರೆ ಈಗಲೂ ಬೆರಳು ತೋರಿಸಿ ಸುಮ್ಮನಾಗುತ್ತೇನೆ.