ಎಂಟನೇ ಕ್ಲಾಸಿಗೆ ಸರ್ಕಾರಿ ಹೈಸ್ಕೂಲು: ಮಗಳನ್ನು ಸೇರಿಸಿದ ಮೇಲೆ ಕಂಡದ್ದು

ನಮ್ಮ ಮಗಳು ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದಳು. 2024ರ ಜೂನ್‌ನಲ್ಲಿ ಅವಳನ್ನು ನಮ್ಮೂರಿನ ಸರ್ಕಾರಿ ಪ್ರೌಢಶಾಲೆಗೆ ಎಂಟನೇ ಕ್ಲಾಸಿಗೆ ಸೇರಿಸಿದೆವು. ಈಗ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಾನು ಇಲ್ಲೇ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಸಂಘಕ್ಕೆ ಬರುವವರೆಲ್ಲ ಕೇಳುವುದು ಒಂದೇ, "ಮೇಡಂ, ನಿಮ್ಮ ಮಗಳನ್ನು ಅಲ್ಲಿಂದ ಬಿಡಿಸಿ ಸರ್ಕಾರಿ ಶಾಲೆಗೆ ಹಾಕಿದ್ರಂತೆ, ಹೇಗಿದೆ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಪಾಠದ ವಿಷಯದಲ್ಲಿ ನನಗೆ ತುಂಬಾ ಸಮಾಧಾನ ಇದೆ. ಮಗಳ ಮುಖದಲ್ಲೂ ಇದೆ. ಆದರೆ ಶೌಚಾಲಯ ಮತ್ತು ಖಾಲಿ ಹುದ್ದೆ, ಈ ಎರಡು ವಿಷಯ ಬಂದರೆ ಸಿಟ್ಟು ಬರುತ್ತದೆ.

ಹಳೆ ಶಾಲೆ ಬಿಡಿಸಲು ಫೀಸೂ ಒಂದು ಕಾರಣ, ಸುಳ್ಳೇಕೆ. ಆದರೆ ಅದೊಂದೇ ಅಲ್ಲ. ಐದನೇ ಕ್ಲಾಸಿನಿಂದ ಮಗಳು ಪ್ರಶ್ನೋತ್ತರ ಬಾಯಿಪಾಠ ಮಾಡುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಬೆಳಗ್ಗೆ ವ್ಯಾನು, ಸಂಜೆ ವ್ಯಾನು, ಆಮೇಲೆ ಟ್ಯೂಷನ್. "ಯಾಕೆ ಹೀಗಾಗುತ್ತೆ?" ಅಂತ ಕೇಳಿದರೆ "ಮಿಸ್ ಹಾಗೇ ಬರೆಸಿದ್ದಾರೆ" ಅನ್ನುತ್ತಿದ್ದಳು. ಟೀಚರುಗಳು ವರ್ಷದ ಮಧ್ಯದಲ್ಲೇ ಕೆಲಸ ಬಿಟ್ಟು ಹೋಗುತ್ತಿದ್ದರು. ಪಾಪ, ಅವರಿಗೆ ಕೊಡುತ್ತಿದ್ದ ಸಂಬಳ ಅಷ್ಟರಲ್ಲೇ ಇತ್ತು.

ಎಂಟನೇ ಕ್ಲಾಸಿಗೇ ಬದಲಾಯಿಸಿದ್ದಕ್ಕೆ ಕಾರಣ ಇದೆ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಮ್ಮಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಾಗಿ ಏಳಕ್ಕೇ ಮುಗಿಯುತ್ತವೆ. ಹಾಗಾಗಿ ಹೈಸ್ಕೂಲಿನ ಎಂಟನೇ ಕ್ಲಾಸಿಗೆ ಸುತ್ತಲಿನ ಹಳ್ಳಿಗಳಿಂದ ಎಲ್ಲ ಮಕ್ಕಳೂ ಹೊಸಬರಾಗಿಯೇ ಬರುತ್ತಾರೆ. ಬೆಂಚಿನಲ್ಲಿ ಪಕ್ಕ ಕೂತವಳಿಗೂ ಶಾಲೆ ಹೊಸದು. ನಮ್ಮ ಮಗಳೊಬ್ಬಳೇ ಹೊರಗಿನವಳು ಅಂತ ಆಗಲೇ ಇಲ್ಲ. ಒಂಬತ್ತಕ್ಕೆ ಸೇರಿಸಿದ್ದರೆ ಗುಂಪುಗಳು ಆಗಲೇ ಕಟ್ಟಿರುತ್ತಿದ್ದವು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಮಾತ್ರ ಲೆಕ್ಕ ಬೇರೆ. ಅವರ ಉಚಿತ ಸೀಟು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕು ಅಂದಾಗ ಗಾಬರಿಯಾಗಿ ಓಡಿ ಬರುತ್ತಾರೆ. ಅಂಥವರು ಒಂದು ವರ್ಷ ಮುಂಚೆಯೇ ಯೋಚನೆ ಮಾಡುವುದು ಒಳ್ಳೆಯದು.

ಟಿಸಿ ಪಡೆಯುವುದು ಸಲೀಸಾಗಲಿಲ್ಲ. ಹಳೆ ಶಾಲೆಯವರು ಮೊದಲು ಬುದ್ಧಿ ಹೇಳಿದರು, ಆಮೇಲೆ ಸತಾಯಿಸಿದರು. ಒಮ್ಮೆ ಹೋದರೆ ಚೇರ್ಮನ್ ಊರಲ್ಲಿಲ್ಲ, ಮತ್ತೊಮ್ಮೆ ಹೋದರೆ ಸರ್ವರ್ ಇಲ್ಲ. ಫೀಸು ಒಂದು ರೂಪಾಯಿಯೂ ಬಾಕಿ ಇರಲಿಲ್ಲ. ಇತ್ತ ಹೈಸ್ಕೂಲು ಶುರುವಾಗಿಬಿಟ್ಟಿತ್ತು. ನಾನು ಹೆಡ್‌ಮಾಸ್ಟರ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು, "ಟಿಸಿ ಬರೋದು ಬರಲಿ ಅಮ್ಮ, ಮಗು ನಾಳೆಯಿಂದ ಕ್ಲಾಸಿಗೆ ಬರಲಿ" ಅಂದರು. ಇದು ಅವರು ದಯೆ ತೋರಿಸಿ ಹೇಳಿದ ಮಾತಷ್ಟೇ ಅಲ್ಲ, ಕಾನೂನೂ ಅದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ಮಗುವಿನ ದಾಖಲಾತಿ ನಿಲ್ಲಿಸುವಂತಿಲ್ಲ. ಆ ಕಾಯ್ದೆ ಎಂಟನೇ ಕ್ಲಾಸಿನವರೆಗೆ ಅನ್ವಯ ಆಗುತ್ತದೆ. ಎಂಟಕ್ಕೇ ಸೇರಿಸಿ ಅನ್ನಲು ಇದೂ ಒಂದು ಕಾರಣ.

ಈಗ ಎಲ್ಲವೂ ಸ್ಯಾಟ್ಸ್‌ನಲ್ಲಿ, ಅಂದರೆ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ವ್ಯವಸ್ಥೆಯಲ್ಲಿ ಆನ್‌ಲೈನ್. ಹಳೆ ಶಾಲೆಯವರು ಅಲ್ಲಿಂದ ಮಗುವಿನ ದಾಖಲೆ ಬಿಡುಗಡೆ ಮಾಡಬೇಕು, ಹೊಸ ಶಾಲೆಯವರು ಇಲ್ಲಿ ತೆಗೆದುಕೊಳ್ಳಬೇಕು. ಕೈಗೆ ಟಿಸಿ ಕಾಗದ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ, ಜಾತಿ, ತಂದೆ ತಾಯಿ ಹೆಸರು ಎಲ್ಲವನ್ನೂ ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ನಮ್ಮ ಮಗಳ ಇನಿಶಿಯಲ್ ಒಂದರಲ್ಲಿ ಹೆಸರಿನ ಮುಂದೆ ಇತ್ತು, ಇನ್ನೊಂದರಲ್ಲಿ ಹಿಂದೆ ಇತ್ತು. ಹೈಸ್ಕೂಲಿನ ಕ್ಲರ್ಕ್ ಅದನ್ನು ಹಿಡಿದು ಸರಿ ಮಾಡಿಸಿದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಗುವ ಹೆಸರು ಅದು. ತಪ್ಪಾದರೆ ಜೀವನಪೂರ್ತಿ ಅಲೆಯಬೇಕು.

ಇನ್ನು ಮೀಡಿಯಂ. ಎಲ್ಲರಿಗೂ ಇರುವ ದೊಡ್ಡ ಹೆದರಿಕೆ ಇದೇ. ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎರಡೂ ವಿಭಾಗ ಇವೆ. ಎಲ್ಲ ಸರ್ಕಾರಿ ಹೈಸ್ಕೂಲಿನಲ್ಲೂ ಹೀಗಿರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ನಾವು ಇಂಗ್ಲಿಷ್ ವಿಭಾಗವನ್ನೇ ಆರಿಸಿಕೊಂಡೆವು. ಮಗಳು ಸೇರಿದಾಗ ಗಣಿತ, ವಿಜ್ಞಾನದ ಪುಸ್ತಕಗಳು ಸಿಬಿಎಸ್‌ಇ ಶಾಲೆಗಳಲ್ಲಿದ್ದ ಎನ್‌ಸಿಇಆರ್‌ಟಿಯವೇ. ಹಾಗಾಗಿ ಸಿಬಿಎಸ್‌ಇಯಿಂದ ಬಂದ ಮಕ್ಕಳಿಗೂ ಆ ಎರಡು ವಿಷಯದಲ್ಲಿ ತೊಂದರೆ ಇರಲಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ವಿವರಿಸುವುದು ಕನ್ನಡದಲ್ಲಿ, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಇದನ್ನು ಕೇಳಿ ಮೂಗು ಮುರಿಯುವವರು ಇದ್ದಾರೆ. ನಾನು ಮನೆಯಲ್ಲಿ ಕಂಡದ್ದು ಬೇರೆ. ಮಗಳು ಮೊದಲ ಸಲ ವಿಜ್ಞಾನದ ಪಾಠವನ್ನು ತನ್ನ ಅಜ್ಜಿಗೆ ಬಿಡಿಸಿ ಹೇಳಿದಳು. ಘರ್ಷಣೆ ಅಂದರೆ ಏನು, ಸೈಕಲ್ಲಿನ ಚೈನಿಗೆ ಎಣ್ಣೆ ಯಾಕೆ ಬಿಡುತ್ತೇವೆ, ಬ್ರೇಕ್ ರಬ್ಬರಿಗೆ ಯಾಕೆ ಬಿಡಬಾರದು ಅಂತ. ಅರ್ಥ ಆಗಿದ್ದರಿಂದ ತಾನೇ ಹಾಗೆ ಹೇಳಲು ಬಂದದ್ದು?

ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾತ್ರ ಕಡಿಮೆಯಾಗಿದೆ. ಹಳೆ ಶಾಲೆಯಲ್ಲಿ ತಪ್ಪೋ ಒಪ್ಪೋ ಮಾತಾಡುತ್ತಿದ್ದಳು, ಇಲ್ಲಿ ಅದಕ್ಕೆ ಅವಕಾಶ ಇಲ್ಲ. ಮನೆಯಲ್ಲಿ ದಿನಾ ಪೇಪರ್ ಜೋರಾಗಿ ಓದಿಸುತ್ತೇವೆ. ಇದು ಪೋಷಕರೇ ಹೊತ್ತುಕೊಳ್ಳಬೇಕಾದ ಕೆಲಸ.

ನಿಜವಾಗಿ ಕಷ್ಟ ಆಗಿದ್ದು ಕನ್ನಡ. ಹಳೆ ಶಾಲೆಯಲ್ಲಿ ಅವಳಿಗೆ ಕನ್ನಡ ದ್ವಿತೀಯ ಭಾಷೆ. ಇಲ್ಲಿ ಪ್ರಥಮ ಭಾಷೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಅಂದರೆ ಎಲ್ಲಕ್ಕಿಂತ ಜಾಸ್ತಿ ತೂಕ ಇರುವ ವಿಷಯವೇ ಇವಳಿಗೆ ದುರ್ಬಲ. ಹಳಗನ್ನಡದ ಪದ್ಯ, ಸಂಧಿ, ಸಮಾಸ, ಗಾದೆ ವಿಸ್ತರಣೆ, ಛಂದಸ್ಸು. ಮೊದಲ ಎಫ್‌ಎ, ಅಂದರೆ ವರ್ಷದ ನಡುವೆ ಮಾಡುವ ಕಿರುಪರೀಕ್ಷೆಯಲ್ಲಿ ಬಂದ ಅಂಕ ನೋಡಿ ಅತ್ತಿದ್ದಳು.

ಅಲ್ಲಿ ಕೈಹಿಡಿದವರು ಕನ್ನಡ ಮೇಡಂ. ಛಂದಸ್ಸು ಶುರು ಮಾಡಿದಾಗ ಅವರು ಪುಸ್ತಕ ತೆಗೆಸಲಿಲ್ಲವಂತೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಹೇಳಿ, ಭಾಮಿನಿ ಷಟ್ಪದಿಯ ಒಂದು ಪದ್ಯ ತೆಗೆದುಕೊಂಡು, ಮೂರು ನಾಲ್ಕು ಮೂರು ನಾಲ್ಕು ಅಂತ ಇಡೀ ಕ್ಲಾಸಿಗೆ ಡೆಸ್ಕ್ ತಟ್ಟಿಸಿದರಂತೆ. ಮೂರನೇ ಸಾಲಿಗೆ ಬಂದಾಗ ಆ ಮೂರು ನಾಲ್ಕು ಇನ್ನೊಂದು ಸುತ್ತು ಹೋಗಿ ಕೊನೆಗೆ ಒಂದು ಗುರು ಉಳಿಯುತ್ತದೆ. ಅದು ಉಳಿಯುವುದನ್ನು ಮಕ್ಕಳೇ ಕಂಡುಹಿಡಿಯಲಿ ಅಂತ ಮೇಡಂ ಸುಮ್ಮನೆ ನಿಂತರಂತೆ. ಅವತ್ತು ಸಂಜೆ ಮನೆಯಲ್ಲಿ ಊಟದ ತಟ್ಟೆ ಮೇಲೂ ಅದೇ ತಾಳ. ಈಗ ಪ್ರಸ್ತಾರ ಹಾಕಿ ಗಣ ವಿಂಗಡಿಸು ಅಂದರೆ ಅವಳು ಹೆದರುವುದಿಲ್ಲ. ಇಂಥ ಟೀಚರ್ ಇದ್ದಾಗ ಶಾಲೆಗೆ ಬಣ್ಣ ಹೊಡೆದಿದ್ದಾರೋ ಇಲ್ಲವೋ ಅಂತ ಯಾರು ನೋಡುತ್ತಾರೆ?

ಸರ್ಕಾರಿ ಹೈಸ್ಕೂಲಿನ ಮೇಷ್ಟ್ರುಗಳು ಬಿ.ಎಡ್ ಮಾಡಿ, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬಂದವರು. ಅದು ಪಾಠದಲ್ಲಿ ಗೊತ್ತಾಗುತ್ತದೆ. ಆದರೆ ಹುದ್ದೆ ಖಾಲಿ ಬಿದ್ದರೆ ಎಲ್ಲವೂ ತಲೆಕೆಳಗಾಗುತ್ತದೆ. ನಮ್ಮ ಶಾಲೆಯ ಪಿಸಿಎಂ ಮೇಷ್ಟ್ರು, ಅಂದರೆ ಗಣಿತ ಮತ್ತು ಭೌತಶಾಸ್ತ್ರ ನೋಡಿಕೊಳ್ಳುವವರು, ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಊರಿಗೆ ಹೋದರು. ಜಾಗಕ್ಕೆ ತಕ್ಷಣ ಯಾರೂ ಬರಲಿಲ್ಲ. ಸಿಬಿಝಡ್ ಮೇಡಂ, ಅಂದರೆ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ನೋಡಿಕೊಳ್ಳುವವರು, ತಮ್ಮ ಕ್ಲಾಸಿನ ಜೊತೆಗೆ ಗಣಿತವನ್ನೂ ಎಳೆದರು. ಆಮೇಲೆ ಅತಿಥಿ ಶಿಕ್ಷಕರು ಬಂದರು. ಹುಡುಗ ಒಳ್ಳೆಯವನು, ಚೆನ್ನಾಗಿ ಹೇಳಿಕೊಡುತ್ತಾನೆ, ಆದರೆ ಅವನಿಗೆ ಸಂಬಳವೇ ಸಮಯಕ್ಕೆ ಬರುವುದಿಲ್ಲ. ಮಕ್ಕಳು ವರ್ಗ ಸಮೀಕರಣ ಕಲಿಯುವ ವಯಸ್ಸಿನಲ್ಲಿ ಗಣಿತದ ಮೇಷ್ಟ್ರು ಇಲ್ಲದೆ ತಿಂಗಳುಗಟ್ಟಲೆ ಕಳೆಯುವುದು ಅನ್ಯಾಯ. ಇದರ ಮೇಲೆ ಮೇಷ್ಟ್ರುಗಳಿಗೆ ಬೇರೆ ಕೆಲಸ ಬೇರೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅವರನ್ನು ಮನೆ ಮನೆಗೆ ಕಳಿಸಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಖಾಸಗಿ ಶಾಲೆಯ ಮಕ್ಕಳಿಗೆ ಈ ನಷ್ಟ ಇಲ್ಲ. ನಮ್ಮ ಮಕ್ಕಳಿಗೆ ಮಾತ್ರ ಯಾಕೆ?

ಶೌಚಾಲಯದ ಬಗ್ಗೆ ಹೇಳಲೇಬೇಕು. ಕಟ್ಟಡ ಇದೆ, ಬಾಗಿಲಿದೆ, ನೀರು ಕೆಲವು ದಿನ ಇದೆ, ಕೆಲವು ದಿನ ಇಲ್ಲ. ತೊಳೆಯಲು ಕಾಯಂ ಆಳಿಲ್ಲ. ಮಗಳು ಮೊದಮೊದಲು ಬೆಳಗ್ಗೆಯಿಂದ ನೀರನ್ನೇ ಕುಡಿಯದೆ ಸಂಜೆ ಮನೆಗೆ ಬರುತ್ತಿದ್ದಳು. ಮುಟ್ಟಿನ ದಿನಗಳಲ್ಲಿ ರಜೆ ಹಾಕುವ ಹುಡುಗಿಯರು ಇದ್ದಾರೆ. ನಾವು ಕೆಲವು ತಾಯಂದಿರು ಸೇರಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೂತು ಜಗಳವಾಡಿದ ಮೇಲೆ ಹೊಸ ಟ್ಯಾಂಕ್ ಬಂತು, ಮುಚ್ಚಳ ಇರುವ ಬುಟ್ಟಿ ಬಂತು. ಪೂರ್ತಿ ಸರಿಹೋಗಿಲ್ಲ. ಹೆಣ್ಣುಮಕ್ಕಳನ್ನು ಸೇರಿಸುವವರು ಮೊದಲು ಇದನ್ನು ಕಣ್ಣಾರೆ ನೋಡಿ ಬನ್ನಿ.

ಊಟಕ್ಕೆ ನಾನು ಡಬ್ಬಿ ಕಟ್ಟುತ್ತಿದ್ದೆ. ಸ್ವಲ್ಪ ದಿನಕ್ಕೇ "ಬೇಡಮ್ಮ, ಎಲ್ಲರೂ ಅಲ್ಲೇ ತಿಂತಾರೆ" ಅಂದಳು. ಬಿಸಿಯೂಟ ನಮ್ಮಲ್ಲಿ ಹತ್ತನೇ ಕ್ಲಾಸಿನವರೆಗೂ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಆಮೇಲೆ ರಾಗಿ ಮಾಲ್ಟ್ ಸೇರಿತು. 2024ರ ಸೆಪ್ಟೆಂಬರ್‌ನಿಂದ ಮೊಟ್ಟೆ ವಾರಕ್ಕೆ ಎರಡರಿಂದ ಆರು ದಿನಕ್ಕೆ ಏರಿತು, ತಿನ್ನದವರಿಗೆ ಬಾಳೆಹಣ್ಣು. ನಾನು ಒಂದು ಸಲ ಹೋಗಿ ತಿಂದು ನೋಡಿದ್ದೇನೆ. ಅನ್ನ ಬಿಸಿಯಾಗಿತ್ತು, ಸಾಂಬಾರಿನಲ್ಲಿ ಬೇಳೆ ಚೆನ್ನಾಗಿ ಬೆಂದಿತ್ತು, ತರಕಾರಿ ಕಡಿಮೆ. ಮೊಟ್ಟೆ ಸುಲಿದು ಕೊಡುವ ಅಡುಗೆಯಮ್ಮನಿಗೆ ಯಾವ ಹುಡುಗಿ ಬೆಳಗ್ಗೆ ತಿಂಡಿ ತಿಂದಿಲ್ಲ ಅಂತ ಗೊತ್ತಿರುತ್ತದೆ. ಎಷ್ಟು ಫೀಸು ಕಟ್ಟಿದರೂ ಅಂಥ ಒಬ್ಬರು ಸಿಗುವುದಿಲ್ಲ.

ಖರ್ಚಿನ ವಿಷಯ ಹೆಚ್ಚು ಬರೆಯಬೇಕಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸಾಕ್ಸ್ ಸರ್ಕಾರ ಕೊಡುತ್ತದೆ. ಸಮವಸ್ತ್ರದ ಬಟ್ಟೆ ತಡವಾಗಿ ಬರುತ್ತದೆ, ಹೊಲಿಗೆ ನಮ್ಮದೇ. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ನೆನಪಿಟ್ಟುಕೊಂಡು ಕೇಳುವವರಿದ್ದಾರೆ. ನಮ್ಮ ಮಗಳ ಬ್ಯಾಚಿಗೆ ಸೈಕಲ್ ಬರಲಿಲ್ಲ.

ಎನ್‌ಎಂಎಂಎಸ್ ಪರೀಕ್ಷೆ ಬಗ್ಗೆ ಮಾತ್ರ ಎಲ್ಲರಿಗೂ ಗೊತ್ತಾಗಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳು ಬರೆಯುವ ಪರೀಕ್ಷೆ ಇದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ಮೀರಬಾರದು. ನಮ್ಮದು ಮೀರುತ್ತದೆ, ಹಾಗಾಗಿ ಮಗಳು ಬರೆಯಲಿಲ್ಲ. ಅವಳ ಬೆಂಚಿನ ಗೆಳತಿ ಬರೆದು ಗೆದ್ದಳು. ಅಪ್ಪ ಗಾರೆ ಕೆಲಸದವರು. ಹೆಡ್‌ಮಾಸ್ಟರ್ ಬೆಳಗ್ಗೆ ಬೇಗ ಬಂದು ಆ ಮಕ್ಕಳಿಗೆ ವಿಶೇಷ ತರಗತಿ ನಡೆಸಿದ್ದರು. ಹಣ ಬಂದ ಮೇಲೆ ಆ ಹುಡುಗಿ ಟೈಲರಿಂಗ್ ಅಂಗಡಿಗೆ ಹೋಗುವುದನ್ನು ಬಿಟ್ಟು ಸಂಜೆ ಓದಲು ಕೂರುತ್ತಿದ್ದಾಳೆ. ನಮ್ಮ ಮಗಳೂ ಅವಳ ಜೊತೆಯಲ್ಲೇ ಕೂರುತ್ತಾಳೆ, ಹಾಗಾಗಿ ಟ್ಯೂಷನ್ ಬಿಡಿಸಿದ್ದೇವೆ.

ಒಂದು ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಎಂಟಕ್ಕೆ ಸರ್ಕಾರಿ ಶಾಲೆಗೆ, ಅದೂ ಕನ್ನಡ ಮಾಧ್ಯಮಕ್ಕೆ ಹಾಕಿದರೆ ಮುಂದೆ ಸಿಇಟಿಯಲ್ಲಿ ಮೀಸಲಾತಿ ಸಿಗುತ್ತದೆ ಅಂತ. ಇಲ್ಲ. ಕನ್ನಡ ಮಾಧ್ಯಮದ ಮೀಸಲಾತಿ ಬೇಕಾದರೆ ಒಂದರಿಂದ ಹತ್ತರವರೆಗೂ ಕನ್ನಡದಲ್ಲೇ ಓದಿರಬೇಕು. ಗ್ರಾಮೀಣ ಮೀಸಲಾತಿಗೂ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಆ ಆಸೆಗೆ ಮಧ್ಯದಲ್ಲಿ ಮೀಡಿಯಂ ಬದಲಾಯಿಸಬೇಡಿ.

ಯಾರಿಗೆ ಇದು ಸರಿಹೋಗುತ್ತದೆ? ಸಂಜೆ ಮಗುವಿನ ಜೊತೆ ಸ್ವಲ್ಪ ಹೊತ್ತು ಕೂರಲು ಆಗುವವರಿಗೆ, ಶಾಲೆಗೆ ಹೋಗಿ ಕೇಳಲು ಹಿಂಜರಿಯದವರಿಗೆ ಖಂಡಿತ ಸರಿಹೋಗುತ್ತದೆ. ಸೇರಿಸಿದ ಮೇಲೆ ಎಲ್ಲ ಶಾಲೆಯೇ ನೋಡಿಕೊಳ್ಳಲಿ ಅನ್ನುವವರಿಗೆ ಕಷ್ಟ. ಹತ್ತನೇ ಕ್ಲಾಸಿಗಂತೂ ಯಾರೂ ಬದಲಾಯಿಸಬೇಡಿ, ಹೊಸ ಕನ್ನಡ ಪುಸ್ತಕಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತದೆ.

ನೋಡಲು ಹೋಗುವುದಾದರೆ ಜೂನ್‌ವರೆಗೆ ಕಾಯದೆ ಜನವರಿ, ಫೆಬ್ರವರಿಯಲ್ಲಿ ಶಾಲೆ ನಡೆಯುತ್ತಿರುವಾಗಲೇ ಹೋಗಿ. ಬೇಸಿಗೆ ರಜೆಯಲ್ಲಿ ಹೋದರೆ ಬರೀ ಬೀಗ ಹಾಕಿದ ಕೊಠಡಿ ಕಾಣುತ್ತದೆ. ಪಿಸಿಎಂ, ಸಿಬಿಝಡ್, ಇಂಗ್ಲಿಷ್ ಮೂರೂ ಹುದ್ದೆ ಭರ್ತಿ ಇವೆಯಾ, ಇರುವವರು ಕಾಯಂ ಆದವರಾ ಅಂತ ನೇರವಾಗಿ ಕೇಳಿ. ಕಳೆದ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ವಿಷಯವಾರು ತೋರಿಸಿ ಅನ್ನಿ, ತೋರಿಸುತ್ತಾರೆ. ಬರುವ ಮುಂಚೆ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಬೇಸಿಗೆ ರಜೆಯಲ್ಲಿ ಮಗುವಿನಿಂದ ಎಂಟನೇ ಕ್ಲಾಸಿನ ಪ್ರಥಮ ಭಾಷೆ ಕನ್ನಡ ಪುಸ್ತಕ ಓದಿಸಿ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ.